ತಪ್ಪಿ ಬಂದ ಹಣವು ಯಾರದು?

ಪರರ ಸೊತ್ತನ್ನು ಕದಿಯಬಾರದೆಂಬದನ್ನು ನಮ್ಮ ಸಭೆಗಳಲ್ಲಿ ಚಿಕ್ಕ ಮಕ್ಕಳೂ ಬಲ್ಲರು. ಆದರೆ ನಾವು ಕದಿಯದೆ, ಬೇಡದೆ, ಮೋಸಮಾಡದೆ ಇರುವಾಗ ಪರರ ಸೊತ್ತು ತಾನಾಗಿಯೇ ನಮ್ಮ ಕೈಗೆ ಬಂದು ಸೇರಿದರೆ ಏನು ಮಾಡತಕ್ಕದ್ದೆಂಬದು ಅಷ್ಟು ಸುಲಭವಾಗಿ ತೋರುವದಿಲ್ಲ. ಪೂರ್ವದಲ್ಲಿ ಈ ಪ್ರಶ್ನೆಯು ದಾರಿಯಲ್ಲಿ ಬಿದ್ದ ಚೀಲವನ್ನು ಕಂಡವನಿಗೂ, ಸಂತೆಯಲ್ಲಿ ಹೆಚ್ಚು ಚಿಲ್ಲರೆಯನ್ನು ಪಡೆದವನಿಗೂ ಬರುತ್ತಿತ್ತು. ಈಗಲಾದರೋ ಹಳ್ಳಿಯ ಬಡವರಿಗೂ ಬ್ಯಾಂಕಿನಲ್ಲಿ ಖಾತೆಯುಂಟು. ಕೂಲಿಯ ಹಣ, ಸರಕಾರದ ಸಹಾಯ, ಪಟ್ಟಣದಲ್ಲಿ ದುಡಿಯುವ ಮಗನು ಕಳುಹಿಸುವ ಹಣ, ಇವೆಲ್ಲವೂ ಆ ಖಾತೆಗೇ ಬರುತ್ತವೆ. 2016ರಲ್ಲಿ ಯುಪಿಐ ಎಂಬ ಏರ್ಪಾಡು ಆರಂಭವಾದಂದಿನಿಂದ ಬೆರಳು ಮುಟ್ಟಿದ ಕ್ಷಣದಲ್ಲಿ ಹಣವು ನೂರಾರು ಮೈಲು ದಾಟುತ್ತದೆ. ತಪ್ಪೂ ಅಷ್ಟೇ ಬೇಗನೆ ದಾಟುತ್ತದೆ. ಆದಕಾರಣ ತಪ್ಪಿ ಬಂದ ಹಣದ ವಿಷಯವಾಗಿ ನಾವು ಮುಂದಾಗಿಯೇ ಮನಸ್ಸನ್ನು ಸ್ಥಿರಮಾಡಿಕೊಳ್ಳುವದು ಅವಶ್ಯ. ಯಾಕಂದರೆ ಹಣವು ಕೈಗೆ ಬಂದ ಮೇಲೆ ನ್ಯಾಯವನ್ನು ವಿಚಾರಿಸುವ ಮನಸ್ಸು ನಿಷ್ಪಕ್ಷಪಾತವಾಗಿ ಇರುವದು ಕಷ್ಟ.

ಇಂಥಾ ತಪ್ಪು ಹೇಗೆ ಸಂಭವಿಸುತ್ತದೆಂಬದನ್ನು ಮೊದಲು ತಿಳಿಯೋಣ. ಬ್ಯಾಂಕಿನ ಮೂಲಕ ಹಣ ಕಳುಹಿಸುವವನು ಪಡೆಯುವವನ ಹೆಸರನ್ನೂ ಖಾತೆಯ ಸಂಖ್ಯೆಯನ್ನೂ ಬರೆಯುತ್ತಾನೆ. ಆದರೆ ಹಣವು ಖಾತೆಯ ಸಂಖ್ಯೆಯನ್ನು ಮಾತ್ರ ಅನುಸರಿಸಿ ಸೇರಬಹುದೆಂದೂ, ಸಂಖ್ಯೆಯನ್ನು ಸರಿಯಾಗಿ ಬರೆಯುವ ಹೊಣೆಯು ಕಳುಹಿಸುವವನದೆಂದೂ ರಿಸರ್ವ್ ಬ್ಯಾಂಕು 2010ರಲ್ಲಿ ತಿಳಿಸಿತು. ಹೀಗಿರುವದರಿಂದ ಒಂದೇ ಒಂದು ಅಂಕೆ ಬದಲಾದರೂ ಒಬ್ಬನ ಹಣವು ಗುರುತಿಲ್ಲದ ಇನ್ನೊಬ್ಬನ ಮನೆಯನ್ನು ಸೇರಬಹುದು. ಈ ಕಷ್ಟವನ್ನು ಕಡಿಮೆಮಾಡುವದಕ್ಕಾಗಿ, ಹಣ ಕಳುಹಿಸುವ ಮೊದಲು ಖಾತೆದಾರನ ಹೆಸರನ್ನು ನೋಡಿಕೊಳ್ಳುವ ಅನುಕೂಲವನ್ನು 2025ನೇ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ಅದೇ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಆಜ್ಞಾಪಿಸಿತು. ಆದರೂ ಅವಸರದಲ್ಲಿರುವ ಮನುಷ್ಯನು ಹೆಸರನ್ನು ನೋಡದೆ ಹೋಗುವದುಂಟು. ತಪ್ಪಾದ ಮೇಲೆ ಬ್ಯಾಂಕಿನವರು ಸಾಮಾನ್ಯವಾಗಿ ಹಣ ಪಡೆದವನನ್ನು ಕೇಳಿ, ಅವನ ಒಪ್ಪಿಗೆಯ ಮೇಲೆಯೇ ಅದನ್ನು ತಿರುಗಿ ಕಳುಹಿಸುತ್ತಾರೆ. ಹೀಗೆ ಕಳಕೊಂಡವನ ಕಣ್ಣೀರು ಪಡಕೊಂಡವನ ಮನಸ್ಸಾಕ್ಷಿಯನ್ನು ಕಾದುಕೊಂಡಿರುತ್ತದೆ.

ಇಂಥಾ ಸಮಯದಲ್ಲಿ ಮನುಷ್ಯನ ಹೃದಯವು ಹೇಳಿಕೊಳ್ಳುವ ನೆಪಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು: “ನಾನು ತೆಗೆದುಕೊಳ್ಳಲಿಲ್ಲ, ಅವನೇ ಕೊಟ್ಟನು.” ಈ ಮಾತು ಸರಿಯೇ? ಕೊಡುವದೆಂದರೆ ಕೈ ಮಾತ್ರ ಮಾಡುವ ಕೆಲಸವಲ್ಲ, ಮನಸ್ಸು ಮಾಡುವ ಕೆಲಸ. ಒಬ್ಬ ತಾಯಿಯು ಆಸ್ಪತ್ರೆಯಲ್ಲಿರುವ ಮಗನಿಗೆ 8,000 ರೂಪಾಯಿ ಕಳುಹಿಸುವಾಗ ಅಂಕೆ ತಪ್ಪಿ ಅದು ನಮ್ಮ ಖಾತೆಗೆ ಬಂತೆಂದಿಟ್ಟುಕೊಳ್ಳೋಣ. ಆ ತಾಯಿಯ ಮನಸ್ಸಿನಲ್ಲಿ ನಾವು ಇದ್ದೆವೋ? ಅವಳು ಕೊಟ್ಟದ್ದು ಮಗನಿಗೆ. ನಮಗೆ ಬಂದದ್ದು ತಪ್ಪು ಮಾತ್ರ. ಮನಸ್ಸಿಲ್ಲದ ಕೈ ಕೊಟ್ಟದ್ದು ದಾನವಲ್ಲ. ಅಂಚೆಯವನು ಪಕ್ಕದ ಮನೆಯ ಕಾಗದವನ್ನು ನಮ್ಮ ಬಾಗಿಲಲ್ಲಿ ಹಾಕಿದರೆ ಅದು ನಮ್ಮ ಕಾಗದವಾಗುವದಿಲ್ಲವಷ್ಟೆ.

ಎರಡನೆಯದು: “ದೇವರೇ ನನ್ನ ಕಷ್ಟವನ್ನು ನೋಡಿ ಕಳುಹಿಸಿದನು.” ಇದು ಭಕ್ತಿಯ ಉಡುಪನ್ನು ಹಾಕಿಕೊಂಡ ನೆಪವಾದ್ದರಿಂದ ಮೊದಲನೆಯದಕ್ಕಿಂತ ಅಪಾಯಕರವಾದದ್ದು. ಸಾಲಗಾರನು ಬಾಗಿಲಲ್ಲಿ ನಿಂತಿರುವಾಗ, ಮಗಳ ಶಾಲೆಯ ಶುಲ್ಕಕ್ಕೆ ದಿನ ಸಮೀಪಿಸಿರುವಾಗ ಹೀಗೆ ತೋರುವದು ಆಶ್ಚರ್ಯವಲ್ಲ. ಆದರೆ ಒಂದು ಮನೆಯ ಒಲೆಯನ್ನು ಆರಿಸಿ ಇನ್ನೊಂದು ಮನೆಯ ಒಲೆಯನ್ನು ಹೊತ್ತಿಸುವದು ಸರ್ವರ ತಂದೆಯಾದ ದೇವರ ಪೋಷಣೆಯ ರೀತಿಯೆಂದು ನಂಬಬಹುದೋ? ನಮ್ಮ ಹಣವೇ ತಪ್ಪಿ ಬೇರೊಬ್ಬನಿಗೆ ಹೋಗಿ, ಅವನು ಮೊಣಕಾಲೂರಿ ದೇವರಿಗೆ ಸ್ತೋತ್ರ ಸಲ್ಲಿಸಿದರೆ, ಆ ಸ್ತೋತ್ರಕ್ಕೆ ನಾವು ಆಮೆನ್ ಎನ್ನುವೆವೋ? ಎನ್ನಲಾರೆವಾದರೆ ನಮ್ಮ ಬಾಯಿಂದಲೂ ಅದು ಬರಬಾರದು.

ಮೂರನೆಯದು: “ಕಳಕೊಂಡವನು ಧನಿಕನು, ಬ್ಯಾಂಕಿಗೆ ಅಥವಾ ಸರಕಾರಕ್ಕೆ ಇದೆಷ್ಟರದು?” ಬಿಟ್ಟಿ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಗಾದೆಯು ಇಂಥವರನ್ನು ನೋಡಿಯೇ ಹುಟ್ಟಿತು. ಕ್ಯಾಷಿಯರನು ಎಣಿಕೆಯಲ್ಲಿ ತಪ್ಪಿ ಹೆಚ್ಚು ನೋಟುಗಳನ್ನು ಕೊಟ್ಟರೆ, ಸಂಜೆ ಲೆಕ್ಕದಲ್ಲಿ ಕಡಿಮೆ ಬಿದ್ದ ಹಣವನ್ನು ಅವನೇ ತನ್ನ ಸಂಬಳದಿಂದ ತುಂಬಬೇಕಾಗಿ ಬರುವದುಂಟು. ಬ್ಯಾಂಕಿನ ಹಣವೆಂದು ನಾವು ಎಣಿಸಿದ್ದು ಒಬ್ಬ ಗೃಹಸ್ಥನ ತಿಂಗಳ ಅಕ್ಕಿಯಾಗಿರಬಹುದು. ಅದು ಹಾಗಿರದೆ ನಿಜವಾಗಿ ಧನಿಕನದೇ ಆಗಿದ್ದರೂ, ಒಡೆಯನ ಐಶ್ವರ್ಯವು ನಮ್ಮನ್ನು ಒಡೆಯರನ್ನಾಗಿ ಮಾಡುವದಿಲ್ಲ.

ನಾಲ್ಕನೆಯದು: “ಕೇಳಿದರೆ ಕೊಡುವೆನು, ಕೇಳದಿದ್ದರೆ ಸುಮ್ಮನಿರುವೆನು.” ಇದು ಅರ್ಧ ಪ್ರಾಮಾಣಿಕತೆ. ಕಳಕೊಂಡವನಿಗೆ ನಾವು ಯಾರೆಂದು ತಿಳಿಯದೆ ಇರಬಹುದು. ನಮಗಾದರೋ ಹಣವು ನಮ್ಮದಲ್ಲವೆಂದು ತಿಳಿದಿದೆ. ತಿಳಿದವನ ಮೇಲೆಯೇ ಹೊಣೆಯು ಬೀಳುತ್ತದೆ. ಯಾಜಕಕಾಂಡದ 6ನೇ ಅಧ್ಯಾಯದಲ್ಲಿ, ಕಳೆದುಹೋದ ವಸ್ತುವನ್ನು ಕಂಡು ಇಲ್ಲವೆಂದವನನ್ನು ಸುಲಿದುಕೊಂಡವನ ಸಂಗಡಲೇ ಎಣಿಸಿ, ಅವನು ಅದನ್ನು ಐದರಲ್ಲೊಂದು ಪಾಲು ಕೂಡಿಸಿ ಹಿಂದಕ್ಕೆ ಕೊಡಬೇಕೆಂದು ವಿಧಿಸಿದೆ. ಧರ್ಮೋಪದೇಶಕಾಂಡದ 22ನೇ ಅಧ್ಯಾಯವು, ದಾರಿತಪ್ಪಿದ ಎತ್ತಿನ ಒಡೆಯನು ಯಾರೆಂದು ತಿಳಿಯದಿದ್ದರೆ, ಅವನು ಹುಡುಕಿಕೊಂಡು ಬರುವ ತನಕ ಅದನ್ನು ಮನೆಯಲ್ಲಿ ಕಾಪಾಡಬೇಕೆಂದು ಹೇಳುತ್ತದೆ. ಕಾಪಾಡುವದಕ್ಕೂ ಉಳುಮೆಗೆ ಹೂಡಿಕೊಳ್ಳುವದಕ್ಕೂ ಎಷ್ಟು ಅಂತರವೆಂದು ಒಕ್ಕಲಿಗರಿಗೆ ವಿವರಿಸಬೇಕಾಗಿಲ್ಲ.

ದೇಶದ ಕಾನೂನು ಸಹ ಇದನ್ನೇ ಹೇಳುತ್ತದೆ. 1872ನೇ ಇಸವಿಯ ಕರಾರು ಕಾಯಿದೆಯ 72ನೇ ಕಲಮಿನ ಪ್ರಕಾರ, ತಪ್ಪಿನಿಂದ ಹಣವನ್ನು ಪಡೆದವನು ಅದನ್ನು ತಿರುಗಿ ಕೊಡತಕ್ಕದ್ದು. ಇದನ್ನು ವಿವರಿಸುವದಕ್ಕೆ ಆ ಕಾಯಿದೆಯಲ್ಲಿಯೇ ಒಂದು ದೃಷ್ಟಾಂತವಿದೆ: ಇಬ್ಬರು ಕೂಡಿ ಒಬ್ಬನಿಗೆ 100 ರೂಪಾಯಿ ಸಾಲ ಕೊಡಬೇಕಾಗಿತ್ತು. ಒಬ್ಬನು ಪೂರಾ ತೀರಿಸಿದನು. ಅದನ್ನು ಅರಿಯದೆ ಮತ್ತೊಬ್ಬನೂ 100 ರೂಪಾಯಿ ಕೊಟ್ಟನು. ಎರಡನೆಯವನ ಹಣವನ್ನು ಸಾಲ ಕೊಟ್ಟವನು ಹಿಂದಕ್ಕೆ ಕೊಡಬೇಕು. ಅವನು ಮೋಸಮಾಡಲಿಲ್ಲ, ಕೇಳಲೂ ಇಲ್ಲ. ಆದರೂ ಇಟ್ಟುಕೊಳ್ಳುವ ಹಕ್ಕಿಲ್ಲ. ಇನ್ನು ತಿಳಿದೂ ತಿಳಿದೂ ಅಪ್ರಾಮಾಣಿಕತೆಯಿಂದ ಪರರ ಸೊತ್ತನ್ನು ತನ್ನದಾಗಿ ಮಾಡಿಕೊಂಡರೆ ಅದು ಅಪರಾಧವೇ. 2024ನೇ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು ಇದಕ್ಕೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರುಷಗಳ ವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. 2021ರಲ್ಲಿ ಬಿಹಾರದ ಖಗಡಿಯಾ ಜಿಲ್ಲೆಯ ಒಬ್ಬ ಗ್ರಾಮಸ್ಥನ ಖಾತೆಗೆ ಬ್ಯಾಂಕಿನ ತಪ್ಪಿನಿಂದ ಐದೂವರೆ ಲಕ್ಷ ರೂಪಾಯಿ ಬಂತು. ಪ್ರಧಾನ ಮಂತ್ರಿಯವರು ಕಳುಹಿಸಿದ್ದೆಂದು ತಾನು ನಂಬಿದ್ದಾಗಿ ಹೇಳಿ ಅವನು ಅದನ್ನು ವೆಚ್ಚಮಾಡಿದನು. ಬ್ಯಾಂಕಿನವರು ಕೇಳಿದಾಗ ಕೊಡಲಿಲ್ಲ. ಕಡೆಗೆ ಪೊಲೀಸರ ವಶವಾದನು. ಆದರೆ ಸೆರೆಮನೆಯ ಭಯದಿಂದ ಮಾತ್ರ ಹಿಂದಕ್ಕೆ ಕೊಡುವವನು, ಸಿಕ್ಕಿಬೀಳಲಾರೆನೆಂಬ ಧೈರ್ಯ ಬಂದ ದಿನ ಕೊಡುವದಿಲ್ಲ.

ಆದಕಾರಣ ಭಯಕ್ಕಿಂತ ಶ್ರೇಷ್ಠವಾದ ಎರಡು ಮಾದರಿಗಳನ್ನು ನೋಡೋಣ. ಆದಿಕಾಂಡದ 42 ಮತ್ತು 43ನೇ ಅಧ್ಯಾಯಗಳಲ್ಲಿ ಯಾಕೋಬನ ಮಕ್ಕಳು ಐಗುಪ್ತದಿಂದ ಧಾನ್ಯವನ್ನು ತಂದು ಚೀಲಗಳನ್ನು ಬಿಚ್ಚಿದಾಗ, ಕೊಟ್ಟ ಹಣವು ಚೀಲಗಳಲ್ಲಿಯೇ ಇತ್ತು. ಅದು ಬರಗಾಲ, ಮನೆತುಂಬ ಹಸಿದ ಮಕ್ಕಳು, ಒಡೆಯನು ದೂರದೇಶದವನು. ಆದರೂ ಮುದುಕನಾದ ಯಾಕೋಬನು, ಇದು ಯಾರದೋ ಕೈತಪ್ಪಾಗಿರಬಹುದೆಂದು ಹೇಳಿ, ಆ ಹಣವನ್ನೂ ಹೊಸ ಧಾನ್ಯದ ಬೆಲೆಯನ್ನೂ ಕೂಡಿಸಿ ಕಳುಹಿಸಿದನು. ಅವರು ಐಗುಪ್ತಕ್ಕೆ ಹೋದ ಕೂಡಲೆ, ಯಾರೂ ಕೇಳುವ ಮೊದಲೇ, ಮನೆವಾರ್ತೆಯವನ ಮುಂದೆ ನಿಂತು ಸಂಗತಿಯನ್ನು ಅರಿಕೆಮಾಡಿದರು. ನಮ್ಮ ನಾಡಿನಲ್ಲಿಯೂ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಜೀವಿಸುತ್ತಿದ್ದ ಆಯ್ದಕ್ಕಿ ಮಾರಯ್ಯನ ಕಥೆಯುಂಟು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮ್ಮ ಪಾಲಿನದಲ್ಲ, ಹಿಂದಕ್ಕೆ ಸುರಿದು ಬನ್ನಿ ಎಂದು ಅವನ ಹೆಂಡತಿ ಲಕ್ಕಮ್ಮನು ಕಳುಹಿಸಿದಳಂತೆ. ವಿಶೇಷವೇನಂದರೆ, ಯೋಸೇಫನು ಹಣವನ್ನು ಬೇಕೆಂತಲೇ ಇಡಿಸಿದ್ದನು. ಅಕ್ಕಿಯನ್ನೂ ಬಸವಣ್ಣನು ಬೇಕೆಂತಲೇ ಹೆಚ್ಚು ಚೆಲ್ಲಿಸಿದನೆಂದು ಹೇಳುವದುಂಟು. ಪಡೆದವರಿಗೆ ಅದು ತಿಳಿದಿರಲಿಲ್ಲ. ಹೆಚ್ಚಾಗಿ ಬಂದದ್ದು ತಪ್ಪೋ, ಪರೀಕ್ಷೆಯೋ, ವರವೋ ಎಂದು ನಿರ್ಣಯಿಸುವದು ನಮ್ಮ ಕೆಲಸವಲ್ಲ. ಹೋಗಿ ಕೇಳುವದು ನಮ್ಮ ಕೆಲಸ. ಅದು ನಿಜವಾಗಿ ವರವೇ ಆಗಿದ್ದರೆ, ಕೇಳಿದ ಮಾತ್ರಕ್ಕೆ ಕಳೆದುಹೋಗದು.

ಇನ್ನು ನಡೆಯಬೇಕಾದ ರೀತಿ. ಹಣ ಬಂತೆಂದು ಮೊಬೈಲಿನಲ್ಲಿ ಸಂದೇಶ ಕಂಡರೆ, ಮೊದಲು ಖಾತೆಯಲ್ಲಿ ನಿಜವಾಗಿ ಬಂದಿದೆಯೋ ಎಂದು ಬ್ಯಾಂಕಿನಲ್ಲಿ ಕೇಳಿರಿ ಅಥವಾ ಪಾಸ್‌ಬುಕ್ಕನ್ನು ಬರೆಯಿಸಿ ನೋಡಿರಿ. ಯಾಕಂದರೆ ಸುಳ್ಳು ಸಂದೇಶವನ್ನು ಕಳುಹಿಸಿ, “ತಪ್ಪಿ ಬಂದಿದೆ, ಬೇಗ ಹಿಂದಕ್ಕೆ ಕಳುಹಿಸಿರಿ” ಎಂದು ಅಳುವ ಮೋಸಗಾರರು ಬಹಳ ಮಂದಿ ಇದ್ದಾರೆ. ಹಣವು ನಿಜವಾಗಿ ಬಂದಿದ್ದರೂ, ಫೋನಿನಲ್ಲಿ ಮಾತಾಡುವ ಅಪರಿಚಿತನು ಹೇಳಿದ ಸಂಖ್ಯೆಗೆ ಕಳುಹಿಸಬೇಡಿರಿ. ಅದು ಬೇರೊಬ್ಬನಿಂದ ದೋಚಿದ ಹಣವಾಗಿದ್ದರೆ, ನೀವು ಅದನ್ನು ಕಳ್ಳನ ಕೈಗೇ ಮುಟ್ಟಿಸಿದಂತಾಗುವದು. ನಿಮ್ಮ ಖಾತೆಯನ್ನೂ ಪೊಲೀಸರು ತಡೆಹಿಡಿಯಬಹುದು. ನಿಮ್ಮ ಬ್ಯಾಂಕಿಗೆ ಹೋಗಿ ಬರವಣಿಗೆಯಲ್ಲಿ ತಿಳಿಸಿ, ಬಂದ ದಾರಿಯಲ್ಲಿಯೇ ಹಣವನ್ನು ಹಿಂದಿರುಗಿಸಬೇಕೆಂದು ಕೇಳಿ, ಅರ್ಜಿಯ ನಕಲನ್ನು ಮೊಹರು ಹಾಕಿಸಿ ಇಟ್ಟುಕೊಳ್ಳಿರಿ. ಅಲ್ಲಿಯ ವರೆಗೆ ಒಂದು ರೂಪಾಯಿಯನ್ನೂ ಮುಟ್ಟಬೇಡಿರಿ. ರಹಸ್ಯ ಸಂಖ್ಯೆಯನ್ನು ಯಾರಿಗೂ ಹೇಳಬೇಡಿರಿ. ಮೋಸವಾಗಿದೆಯೆಂದು ತೋರಿದರೆ ಕೂಡಲೆ 1930 ಎಂಬ ಸಂಖ್ಯೆಗೆ ಫೋನು ಮಾಡಿರಿ.

ಒಂದು ಕಠಿಣವಾದ ಪ್ರಶ್ನೆಯು ಉಳಿಯುತ್ತದೆ. ಕೂಲಿಯ ಹಣವೆಂದೋ ಸರಕಾರದ ಕಂತೆಂದೋ ನಿಜವಾಗಿ ನಂಬಿ, ಅಕ್ಕಿಗೂ ಔಷಧಕ್ಕೂ ವೆಚ್ಚಮಾಡಿದ ಮೇಲೆ ಅದು ಪರರದೆಂದು ತಿಳಿದುಬಂದರೆ ಏನು? ಅರಿಯದೆ ವೆಚ್ಚಮಾಡಿದವನು ಕಳ್ಳನಲ್ಲ. ಪಾಪವು ತಿಳಿದ ಮೇಲೆ ಬಚ್ಚಿಡುವದರಲ್ಲಿದೆ. ಆದರೂ ಸಾಲವು ಸಾಲವೇ. ಅಂಥವನು ತಾನಾಗಿ ಹೋಗಿ ಸಂಗತಿಯನ್ನು ತಿಳಿಸಿ, ತಿಂಗಳಿಗೆ ಇಷ್ಟೆಂದು ಒಪ್ಪಿ ತೀರಿಸಲಿ. ಕೇಳುವವರೂ ಬಡವನ ಕುತ್ತಿಗೆಯನ್ನು ಹಿಡಿಯದೆ ಅವಕಾಶವನ್ನು ಕೊಡಲಿ; ತಪ್ಪು ಮೊದಲು ಅವರಿಂದಲೇ ಹುಟ್ಟಿತೆಂಬದನ್ನು ಮರೆಯದಿರಲಿ. ನೆರೆಯವರು ಅವನನ್ನು ಕಳ್ಳನೆಂದು ಕರೆಯದಿರಲಿ. ಒಪ್ಪಿಕೊಂಡವನನ್ನು ಅವಮಾನಪಡಿಸುವ ಊರಿನಲ್ಲಿ ಮುಂದೆ ಒಪ್ಪಿಕೊಳ್ಳುವವರೇ ಇರುವದಿಲ್ಲ.

ಪ್ರಿಯ ಸಹೋದರ ಸಹೋದರಿಯರೇ, ನಮ್ಮಲ್ಲಿ ಅನೇಕರಿಗೆ ಧನವಿಲ್ಲ, ಹೊಲವಿಲ್ಲ, ದೊಡ್ಡವರ ಆಶ್ರಯವಿಲ್ಲ. ಆದರೆ ಅವನ ಕೈಗೆ ಹೋದದ್ದು ಹಿಂದಕ್ಕೆ ಬರುವದೆಂದು ಊರವರು ಹೇಳುವ ಒಂದು ಮಾತು ಬಡವನಿಗೂ ಸಿಕ್ಕಬಲ್ಲ ಆಸ್ತಿ. ಆ ಆಸ್ತಿಯನ್ನು 8,000 ರೂಪಾಯಿಗೆ ಮಾರಬೇಡಿರಿ. ಗುರುತಿಲ್ಲದ ಯಾವದೋ ಊರಿನಲ್ಲಿ, ಹಣ ಕಳಕೊಂಡ ಒಬ್ಬ ತಾಯಿಯು ಇಂದು ರಾತ್ರಿ ನಿದ್ರೆಯಿಲ್ಲದೆ ಕೂತಿರಬಹುದು. ಅವಳು ನಮ್ಮ ಹೆಸರನ್ನು ಅರಿಯಳು, ನಾವು ಅವಳ ಮುಖವನ್ನು ಅರಿಯೆವು. ನಾಳೆ ಬ್ಯಾಂಕಿನ ಬಾಗಿಲು ತೆರೆಯುವಾಗ ನಾವು ಅಲ್ಲಿ ನಿಂತಿರೋಣ.