ಬಲಗಡೆಯ ಕುರ್ಚಿಯ ಮಾತು

ವಿಮಾನದ ಮೂತಿಯೊಳಗೆ ಎರಡು ಕುರ್ಚಿಗಳಿರುತ್ತವೆ. ಎಡಗಡೆಯದು ಕ್ಯಾಪ್ಟನ್‌ನದು, ಬಲಗಡೆಯದು ಸಹ ಪೈಲಟ್‌ನದು. ಎಡಗಡೆಯವನ ಹೆಗಲ ಮೇಲೆ ನಾಲ್ಕು ಪಟ್ಟಿ, ಬಲಗಡೆಯವನಿಗೆ ಮೂರು. ಕುರ್ಚಿಗಳ ನಡುವೆ ಕೈಚಾಚಿದರೆ ಮುಟ್ಟುವಷ್ಟೇ ದೂರ. ಆದರೆ ಅದನ್ನು ದಾಟಲು ವರ್ಷಗಳು ಬೇಕು. ನಮ್ಮ ದೇಶದ ನಿಯಮದಂತೆ ದೊಡ್ಡ ವಿಮಾನದ ಕ್ಯಾಪ್ಟನ್ ಆಗುವವನಿಗೆ ಕನಿಷ್ಠ 1500 ಗಂಟೆಗಳ ಹಾರಾಟವಾಗಿರಬೇಕು, ಪರೀಕ್ಷೆ ಪಾಸಾಗಿರಬೇಕು, ಹಿರಿಯರು ಪಕ್ಕದಲ್ಲಿ ಕುಳಿತು ಸೈ ಅನ್ನಬೇಕು. ಒಬ್ಬನನ್ನು ಬಲದಿಂದ ಎಡಕ್ಕೆ ಯಾವಾಗ ಕೂರಿಸಬೇಕು, ಎಷ್ಟು ಅವಸರ ಮಾಡಬಹುದು ಎಂಬುದು ಪೈಲಟ್‌ಗಳ ನಡುವೆ ಮುಗಿಯದ ವಾದ. ಹಳಬರು ಗಂಟೆಗಳ ಲೆಕ್ಕ ಹೇಳುತ್ತಾರೆ. ಹೊಸಬರು ತರಬೇತಿಯ ಗುಣಮಟ್ಟದ ಮಾತಾಡುತ್ತಾರೆ. ಕಂಪೆನಿಗಳಿಗೆ ಮಾತ್ರ ವಿಮಾನಗಳು ಬಂದು ನಿಂತಿವೆ, ಕ್ಯಾಪ್ಟನ್‌ಗಳು ಬೇಕಾಗಿದ್ದಾರೆ.

ಈ ವಾದ ಶಿಡ್ಲಘಟ್ಟ, ಚಿಂತಾಮಣಿಯ ನಮಗೇಕೆ? ನಂದಿಬೆಟ್ಟದ ಆಚೆಗೆ ದೇವನಹಳ್ಳಿಯಿದೆ. ಚಿಕ್ಕಬಳ್ಳಾಪುರದ ಗುಲಾಬಿ ಅಲ್ಲಿಂದ ಹಾರುತ್ತದೆ. ಗೌರಿಬಿದನೂರಿನ ಹುಡುಗ ದಮ್ಮಾಮ್‌ಗೆ ಹೋಗುವುದೂ, ಉಮ್ರಾಕ್ಕೆಂದು ಮೊದಲ ಸಲ ಮನೆ ಬಿಟ್ಟ ಅಜ್ಜಿ ತಸ್ಬೀಹ್ ಹಿಡಿದು ಕೂರುವುದೂ ಅಲ್ಲಿಂದಲೇ. ಇಷ್ಟು ಸಾಕು ಅನ್ನಬಹುದು. ಆದರೆ ನನಗೆ ಈ ವಾದದೊಳಗೆ ಇನ್ನೂ ಹಳೆಯ ಪ್ರಶ್ನೆಯೊಂದು ಕಾಣುತ್ತದೆ. ದೊಡ್ಡವರು ತಪ್ಪುತ್ತಿರುವಾಗ ಚಿಕ್ಕವನು ಏನು ಮಾಡಬೇಕು? ಚಿಕ್ಕವನ ಮಾತು ಕಿವಿಗೆ ಬೀಳದವನನ್ನು ದೊಡ್ಡವನೆಂದು ಕರೆಯಬಹುದೆ?

ಚಿಂತಾಮಣಿಯ ಟೊಮ್ಯಾಟೊ ಮಂಡಿಯಿಂದ ಲಾರಿಗಳು ದೂರದ ಊರುಗಳಿಗೆ ಹೊರಡುತ್ತವೆ. ಡ್ರೈವರ್ ಪಕ್ಕದಲ್ಲಿ ಒಬ್ಬ ಕ್ಲೀನರ್ ಇರುತ್ತಾನೆ. ಗಾಜು ಒರೆಸುವುದು, ಟೈರಿಗೆ ಕಲ್ಲು ಕೊಡುವುದು ಅವನ ಹೊರಗಿನ ಕೆಲಸ. ನಡುರಾತ್ರಿ ಡ್ರೈವರ್‌ನ ಕಣ್ಣು ಕಾಯುವುದು ಅವನ ನಿಜವಾದ ಕೆಲಸ. ಕಣ್ಣೆವೆ ಕೂಡುತ್ತಿರುವುದನ್ನು ಕಂಡ ಹುಡುಗ "ನಿನಗೆ ನಿದ್ದೆ ಬಂದಿದೆ, ಗಾಡಿ ನಿಲ್ಲಿಸು" ಎಂದು ಹೇಳುವುದಿಲ್ಲ. "ಅಣ್ಣಾ, ಒಂದು ಟೀ ಕುಡಿದು ಹೋಗಾಣ" ಅನ್ನುತ್ತಾನೆ. ಈ ಮಾತಿನಲ್ಲಿ ಎಂಥ ಅದಬ್ ಇದೆ ನೋಡಿ. ದೊಡ್ಡವನ ಮರ್ಯಾದೆ ಉಳಿಯಿತು, ಚಿಕ್ಕವನ ಕರ್ತವ್ಯವೂ ಆಯಿತು. ಡ್ರೈವರಣ್ಣ ಅರ್ಥ ಮಾಡಿಕೊಂಡು ಢಾಬಾದ ಮುಂದೆ ನಿಲ್ಲಿಸಿದರೆ ಎಲ್ಲವೂ ಸುಖ. "ಇನ್ನೊಂದು ಗಂಟೆ ಹೋಗಲಿ ಬಿಡೋ" ಅಂದುಬಿಟ್ಟರೆ? ಹುಡುಗನ ಹತ್ತಿರ ಎರಡನೆಯ ಮಾತಿಲ್ಲ. ಅವನಿಗೆ ನಾವು ಕಲಿಸಿರುವುದು ಆ ಒಂದು ಮಾತಿನವರೆಗೆ ಮಾತ್ರ.

ಕಾಕ್‌ಪಿಟ್‌ನಲ್ಲಿ ಎರಡನೆಯ ಮಾತೂ ಇದೆ, ಮೂರನೆಯದೂ ಇದೆ. ಆದರೂ ಮಂಗಳೂರಿನಲ್ಲಿ ಏನಾಯಿತು?

2010ರ ಮೇ 22ರ ಬೆಳಗ್ಗೆ ಆರು ಗಂಟೆ ದಾಟಿದ ಹೊತ್ತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಸತ್ತವರಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ, ಕಾಸರಗೋಡುಗಳ ಮನೆಗಳಿಗೆ ಮರಳುತ್ತಿದ್ದವರು. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ವಿಚಾರಣಾ ನ್ಯಾಯಾಲಯ ಕಾಕ್‌ಪಿಟ್‌ನ ಧ್ವನಿಮುದ್ರಣವನ್ನು ಕೇಳಿಸಿಕೊಂಡಿತು. ಎರಡು ಗಂಟೆ ಚಿಲ್ಲರೆ ಮುದ್ರಣದಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಇಬ್ಬರ ನಡುವೆ ಮಾತಿಲ್ಲ, ಗೊರಕೆಯ ಸದ್ದಿದೆ. ನಿದ್ದೆಯಿಂದ ಎದ್ದ ಕ್ಯಾಪ್ಟನ್ ವಿಮಾನವನ್ನು ಇಳಿಸತೊಡಗಿದಾಗ ಅದು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಸಹ ಪೈಲಟ್ ಎಚ್.ಎಸ್. ಅಹ್ಲುವಾಲಿಯಾ ಮೂರು ಸಲ 'ಗೋ ಅರೌಂಡ್' ಎಂದರು. ಇಳಿಸಬೇಡಿ, ಮೇಲೇರಿ ಇನ್ನೊಂದು ಸುತ್ತು ಬನ್ನಿ ಎಂದು ಅದರ ಅರ್ಥ. ಯಂತ್ರವೂ ಎಚ್ಚರಿಸುತ್ತಿತ್ತು. ಕ್ಯಾಪ್ಟನ್ ಇಳಿಸಿದರು. ಎಂಟು ಸಾವಿರ ಅಡಿಯ ರನ್‌ವೇಯಲ್ಲಿ ಐದು ಸಾವಿರದ ಇನ್ನೂರು ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು.

ಮೂರು ಸಲ ಹೇಳಿದವರು ನಾಲ್ಕನೆಯದಾಗಿ ನಿಯಂತ್ರಣವನ್ನು ಕೈಗೆತ್ತಿಕೊಳ್ಳಲಿಲ್ಲ. ಅದನ್ನು ಅವರ ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹತ್ತು ಸಾವಿರ ಗಂಟೆಗೂ ಮೀರಿ ಹಾರಿದವನ ಕೈಯಿಂದ, ಆ ಕೆಲವೇ ಕ್ಷಣಗಳಲ್ಲಿ, ವಿಮಾನವನ್ನು ಕಿತ್ತುಕೊಳ್ಳುವುದೆಂದರೆ ಬದುಕಿನುದ್ದಕ್ಕೂ ಕಲಿತ ವಿನಯವನ್ನೆಲ್ಲ ಒಮ್ಮೆಗೇ ಮರೆಯುವುದು. ಕಿತ್ತುಕೊಂಡು ವಿಮಾನ ಉಳಿದಿದ್ದರೆ, ಅದು ಬೀಳುತ್ತಿತ್ತೆಂದು ಆಮೇಲೆ ಯಾರು ನಂಬುತ್ತಿದ್ದರು? ಅನಾಹುತ ತಪ್ಪಿಸಿದವನ ಕೈಯಲ್ಲಿ ಸಾಕ್ಷಿಯಿರುವುದಿಲ್ಲ.

ನಮ್ಮ ಮಸೀದಿಗಳಲ್ಲಿ ಇದಕ್ಕೊಂದು ಹಳೆಯ ಏರ್ಪಾಡಿದೆ. ರಮಝಾನಿನ ತರಾವೀಹ್‌ನಲ್ಲಿ ಹಾಫಿಝ್ ಮುಂದೆ ನಿಂತು ಓದುವಾಗ ಇನ್ನೊಬ್ಬ ಹಾಫಿಝ್ ಹಿಂದಿನ ಸಾಲಿನಲ್ಲಿ ಕೇಳಿಸಿಕೊಳ್ಳುತ್ತಾನೆ. ಮುಂದಿನವರು ಎಡವಿದರೆ ಹಿಂದಿನವನು ಸರಿಯಾದ ಪದವನ್ನು ಎತ್ತಿಕೊಡುತ್ತಾನೆ. ಉರ್ದುವಿನಲ್ಲಿ ಅದಕ್ಕೆ ಲುಕ್ಮಾ ಕೊಡುವುದು ಅನ್ನುತ್ತಾರೆ. ಲುಕ್ಮಾ ಎಂದರೆ ತುತ್ತು. ಕೊಡುವವನು ಹದಿನೈದರ ಹುಡುಗನಿರಬಹುದು, ಪಡೆಯುವವರು ಅವನ ಉಸ್ತಾದರೇ ಇರಬಹುದು. ಉಸ್ತಾದರು ಆ ತುತ್ತನ್ನು ತೆಗೆದುಕೊಂಡು ಮುಂದೆ ಓದುತ್ತಾರೆ. ಯಾರ ಮಾನವೂ ಹೋಗುವುದಿಲ್ಲ. ನನಗೆ ಇಲ್ಲಿ ಹಿಡಿಸುವುದು ಹುಡುಗನ ಧೈರ್ಯವಲ್ಲ. ತಪ್ಪು ಆಗಿಯೇ ಆಗುತ್ತದೆ, ಅದನ್ನು ಹೇಳಲೆಂದೇ ಒಬ್ಬನನ್ನು ನಿಲ್ಲಿಸಬೇಕು ಎಂದು ಜಮಾತು ಮೊದಲೇ ಒಪ್ಪಿಕೊಂಡಿರುವುದು. ಆದರೆ ಅದೇ ಮಸೀದಿಯ ಕಮಿಟಿಯ ಸಭೆಯಲ್ಲಿ ಅದೇ ಹುಡುಗ ಲೆಕ್ಕದ ತಪ್ಪು ಎತ್ತಿ ತೋರಿಸಲಿ ನೋಡೋಣ, "ಛೋಟಾ ಮುಂಹ್ ಬಡೀ ಬಾತ್" ಎಂದು ಹತ್ತು ಜನ ಮೇಲೆ ಬೀಳುತ್ತಾರೆ. ಏರ್ಪಾಡು ಒಂದು ಕಡೆ ಇದೆಯೆಂದರೆ ಸ್ವಭಾವ ಎಲ್ಲ ಕಡೆ ಬದಲಾಗಿದೆಯೆಂದು ಅಲ್ಲ.

ಪರೀಕ್ಷೆಯ ಪ್ರಶ್ನೆಗೆ ಬೆಂಗಳೂರಿನ ಹಳೆಯ ಗಾಯವೊಂದನ್ನು ನೆನೆಯಬೇಕು. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ-320 ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಮಂದಿ ತೀರಿಕೊಂಡರು. ಅಂದು ಎಡಗಡೆ ಕುಳಿತಿದ್ದವರು ಆ ಹೊಸ ಬಗೆಯ ವಿಮಾನದ ಕ್ಯಾಪ್ಟನ್ ಆಗಲು ಪರೀಕ್ಷೆ ಕೊಡುತ್ತಿದ್ದವರು, ಬಲಗಡೆ ಪರೀಕ್ಷಕರು. ಇಬ್ಬರೂ ಅನುಭವಸ್ಥರೇ. ಎಂಜಿನ್‌ಗಳು ತೀರ ಕಡಿಮೆ ಶಕ್ತಿಯಲ್ಲಿ ತಿರುಗುತ್ತಿದ್ದವು, ವೇಗ ಇಳಿಯುತ್ತಿತ್ತು, ಇಬ್ಬರ ಗಮನಕ್ಕೂ ಅದು ಬಂದದ್ದು ತಡವಾಗಿ. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ವಿಚಾರಣೆ ಪೈಲಟ್‌ಗಳು ಸಕಾಲದಲ್ಲಿ ಎಚ್ಚೆತ್ತುಕೊಳ್ಳಲಿಲ್ಲ ಎಂದಿತು. ಪರೀಕ್ಷೆಗೆ ಕುಳಿತವನು ನಡೆಸುತ್ತಾನೆ, ಪರೀಕ್ಷಿಸುವವನು ನೋಡುತ್ತಾನೆ, ಅಷ್ಟು ಹೊತ್ತು ವಿಮಾನ ಯಾರದು? ಕಾಗದದ ಮೇಲೆ ಪರೀಕ್ಷಕನದು. ಆದರೆ ಪಕ್ಕದವರು ನೋಡಿಕೊಳ್ಳುತ್ತಿದ್ದಾರೆಂಬ ನಂಬಿಕೆ ಇಬ್ಬರು ಜಾಣರನ್ನು ಒಟ್ಟಿಗೆ ಕುರುಡಾಗಿಸಬಲ್ಲದು. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯಲ್ಲೂ ಕುದಿಯುವ ನೀರಿನ ಮುಂದೆ ಕಲಿಯುವ ಹುಡುಗನನ್ನು ಕೂರಿಸುತ್ತಾರೆ. ನೂಲು ತುಂಡಾದರೆ ಉಸ್ತಾದ್ ಕಟ್ಟಿಕೊಡುತ್ತಾನೆ, ಹಾಳಾಗುವುದು ಒಂದು ಹಿಡಿ ಗೂಡು. ಕಲಿಕೆಗೆ ಅಲ್ಲಿ ಅಷ್ಟು ಅವಕಾಶವಿದೆ. ಆಕಾಶದಲ್ಲಿ ಕಲಿಯುವವನ ಬೆನ್ನ ಹಿಂದೆ ನೂರೈವತ್ತು ಜನ ಕೂತಿರುತ್ತಾರೆ, ತಾವು ಪರೀಕ್ಷೆಯ ಭಾಗವೆಂದು ಅವರಿಗೆ ಗೊತ್ತಿರುವುದಿಲ್ಲ.

ಕಲ್ಲಿಕೋಟೆಯದು ಇನ್ನೂ ಕಹಿಯಾದದ್ದು, ಯಾಕೆಂದರೆ ಅಲ್ಲಿ ಹೇಳಬೇಕಾದ್ದನ್ನು ಒಂಬತ್ತು ವರ್ಷ ಮೊದಲೇ ಹೇಳಲಾಗಿತ್ತು. ಮಂಗಳೂರಿನ ದುರಂತದ ನಂತರ 2011ರಲ್ಲಿ, ವಿಮಾನಯಾನ ಸುರಕ್ಷತಾ ಸಲಹಾ ಸಮಿತಿಯಲ್ಲಿದ್ದ ಕ್ಯಾಪ್ಟನ್ ಮೋಹನ್ ರಂಗನಾಥನ್ ಆ ನಿಲ್ದಾಣದ ಬಗ್ಗೆ ಲಿಖಿತವಾಗಿ ಎಚ್ಚರಿಸಿದ್ದರು. ಮಳೆಯಲ್ಲಿ, ಹಿಂಗಾಳಿಯಲ್ಲಿ, ರನ್‌ವೇ 10ರ ಕಡೆಯಿಂದ ಇಳಿಯುವುದು ಅಪಾಯ ಎಂದಿದ್ದರು. 2020ರ ಆಗಸ್ಟ್ 7ರ ರಾತ್ರಿ ಮಳೆಯಿತ್ತು, ಹಿಂಗಾಳಿಯಿತ್ತು, ರನ್‌ವೇ 10 ಆಗಿತ್ತು. ದುಬೈಯಿಂದ ಕೊರೋನಾ ಕಾಲದ ವಾಪಸಾತಿಯವರನ್ನು ಕರೆತಂದ ವಿಮಾನ ಬಿದ್ದು ಇಬ್ಬರೂ ಪೈಲಟ್‌ಗಳು ಸೇರಿ 21 ಮಂದಿ ಸತ್ತರು. ಇಲ್ಲಿಯೂ ಸಹ ಪೈಲಟ್ 'ಗೋ ಅರೌಂಡ್' ಎಂದಿದ್ದರು. ಕ್ಯಾಪ್ಟನ್ ದೀಪಕ್ ಸಾಠೆ ವಾಯುಸೇನೆಯಿಂದ ಬಂದವರು, ಗಂಟೆಗಳ ಕೊರತೆ ಅವರಿಗೂ ಇರಲಿಲ್ಲ. ತನಿಖಾ ವರದಿ ಇನ್ನೊಂದು ಮಾತು ಹೇಳಿತು: ಆ ಕಂಪೆನಿಯ ಕಲ್ಲಿಕೋಟೆ ನೆಲೆಯಲ್ಲಿ 26 ಸಹ ಪೈಲಟ್‌ಗಳಿಗೆ ಒಬ್ಬನೇ ಒಬ್ಬ ಕ್ಯಾಪ್ಟನ್ ನೇಮಕವಾಗಿದ್ದ. ಮರುದಿನ ಬೆಳಗ್ಗೆ ಅಲ್ಲಿಂದ ಹೊರಡಬೇಕಿದ್ದ ವಿಮಾನಕ್ಕೆ ಸಾಠೆಯವರೇ ಬೇಕಾಗಿತ್ತು. ಬೇರೆ ಊರಿಗೆ ತಿರುಗಿಸಿದ್ದರೆ ನಾಳೆಯ ವಿಮಾನ ತಪ್ಪುತ್ತಿತ್ತು. ಕಾಕ್‌ಪಿಟ್‌ನಲ್ಲಿ ಇಬ್ಬರೇ ಇದ್ದರೆಂದು ನಾವು ಅಂದುಕೊಳ್ಳುತ್ತೇವೆ, ಮೂರನೆಯವನೊಬ್ಬ ಕೂತಿದ್ದ. ಅವನ ಹೆಸರು ನಾಳೆಯ ವೇಳಾಪಟ್ಟಿ.

ಆದ್ದರಿಂದ ಗಂಟೆಗಳ ಬಗೆಗಿನ ಜಗಳದಲ್ಲಿ ನಾನು ಪೂರ್ತಿಯಾಗಿ ಹಳಬರ ಕಡೆಗಿಲ್ಲ. ಮಂಗಳೂರಿನಲ್ಲೂ ಕಲ್ಲಿಕೋಟೆಯಲ್ಲೂ ತಪ್ಪಿದವರು ಅನುಭವಿಗಳು, ಸರಿ ಹೇಳಿದವರು ಕಿರಿಯರು. ಹಾಗೆಂದು ಅವಸರದಲ್ಲಿ ಪಟ್ಟಿ ಏರಿಸುವವರ ಪರವೂ ಅಲ್ಲ. ಲಾರಿ ಮಾಲೀಕ ಎರಡನೆಯ ಲಾರಿ ಕೊಂಡ ದಿನವೇ ಕ್ಲೀನರ್ ಡ್ರೈವರ್ ಆಗಿಬಿಡುವುದನ್ನು ನಮ್ಮ ಕಡೆ ಕಂಡಿದ್ದೇವೆ. ಅಂದು ಹುಡುಗನ ಯೋಗ್ಯತೆ ಹೆಚ್ಚಿರುವುದಿಲ್ಲ, ಲಾರಿ ಹೆಚ್ಚಿರುತ್ತದೆ.

ಇಲ್ಲಿ ದೇವನಹಳ್ಳಿಯ ಮಾತು ಬರುತ್ತದೆ. 2008ರ ಮೇ 24ರಂದು ಅದು ಒಂದು ರನ್‌ವೇಯಿಂದ ಶುರುವಾಯಿತು. 2019ರ ಡಿಸೆಂಬರ್‌ನಲ್ಲಿ ಎರಡನೆಯದು ಬಂತು, 2022ರ ನವೆಂಬರ್‌ನಲ್ಲಿ ಎರಡನೆಯ ಟರ್ಮಿನಲ್ ಉದ್ಘಾಟನೆಯಾಯಿತು. 2024-25ರಲ್ಲಿ ಪ್ರಯಾಣಿಕರ ಸಂಖ್ಯೆ ನಾಲ್ಕು ಕೋಟಿ ದಾಟಿತು. 2025ರಲ್ಲಿ ಕನಕಪುರ ರಸ್ತೆ, ನೆಲಮಂಗಲದ ಕಡೆಗಳಲ್ಲಿ ಎರಡನೆಯ ವಿಮಾನ ನಿಲ್ದಾಣಕ್ಕೆ ಜಾಗ ನೋಡಿದರು. ಸಿಮೆಂಟು ಸಾಲಕ್ಕೆ ಸಿಗುತ್ತದೆ, ವಿಮಾನ ಬಾಡಿಗೆಗೆ ಸಿಗುತ್ತದೆ. ಕ್ಯಾಪ್ಟನ್ ಮಾತ್ರ ಮಾವಿನ ಮರದ ಹಾಗೆ, ತನ್ನ ಕಾಲಕ್ಕೆ ತಾನು ಬೆಳೆಯುವವನು. ಮಂಗಳೂರಿನ ಎರಡನೆಯ ರನ್‌ವೇ ಬೇಡವೆಂದು ಕೆಲವು ನಾಗರಿಕರು 1997ರಿಂದ ಕೋರ್ಟಿಗೆ ಅಲೆದಿದ್ದರು. ಸುಪ್ರೀಂ ಕೋರ್ಟ್ 2003ರಲ್ಲಿ ಅರ್ಜಿಯನ್ನು ವಜಾ ಮಾಡಿತು. 2006ರಲ್ಲಿ ರನ್‌ವೇ ತೆರೆಯಿತು. 2010ರ ದುರಂತಕ್ಕೆ ರನ್‌ವೇಯೇ ಕಾರಣವೆಂದು ವಿಚಾರಣೆ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಬೆಟ್ಟದ ತಲೆ ಕಡಿದು ಮಾಡಿದ ಆ ನೆಲದಲ್ಲಿ ತಪ್ಪಿಗೆ ಕ್ಷಮೆಯಿರಲಿಲ್ಲ.

ಬೇಡವೆಂದ ಮಾತು ಕೇಳಿಸಿದ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1777 ಎಕರೆಯನ್ನು ವಿಮಾನ ಕೈಗಾರಿಕೆಗೆಂದು ತೆಗೆದುಕೊಳ್ಳಲು ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ಅದನ್ನು ಅಭಿವೃದ್ಧಿಗೆ ಅಡ್ಡಿ ಎಂದವರಿದ್ದಾರೆ. ನನಗದು ಎಡಗಡೆಯವನು ಕೊನೆಗೂ ಬಲಗಡೆಯ ಮಾತಿಗೆ ವಿಮಾನ ಮೇಲೆತ್ತಿದ ಹಾಗೆ ಕಂಡಿತು. ಮೂರು ವರ್ಷ ಹೇಳಿಸಿಕೊಳ್ಳಬೇಕಾಗಿ ಬಂದದ್ದು ಬೇರೆ ಮಾತು.

ಹಾಗಾದರೆ ನಾವು ಪ್ರಯಾಣಿಕರು ನಿರಪರಾಧಿಗಳೆ? ಪೈಲಟ್‌ಗಳ ಸಂಘಗಳು ದಿಲ್ಲಿ ಹೈಕೋರ್ಟಿನವರೆಗೆ ಹೋಗಿ ಪಡೆದ ವಿಶ್ರಾಂತಿಯ ಹೊಸ ನಿಯಮಗಳು 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತಗಳಲ್ಲಿ ಬಂದವು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿಯ ಇಳಿತಗಳು ಆರರಿಂದ ಎರಡಕ್ಕೆ ಇಳಿದವು. ಡಿಸೆಂಬರ್‌ನಲ್ಲಿ ಇಂಡಿಗೊ ಕಂಪೆನಿಗೆ ಅಷ್ಟು ಪೈಲಟ್‌ಗಳನ್ನು ಹೊಂದಿಸಲಾಗದೆ ಸಾವಿರಾರು ವಿಮಾನಗಳು ರದ್ದಾದವು. ನಿಲ್ದಾಣಗಳಲ್ಲಿ ಜನ ಕೂಗಾಡಿದರು. ಮದುವೆಗೆ ಹೊರಟವರಿದ್ದರು, ಮಯ್ಯತ್ತಿಗೆ ಹೊರಟವರೂ ಇದ್ದರು. ಅವರ ಸಂಕಟ ಸುಳ್ಳಲ್ಲ. ಆದರೆ ಆ ಗದ್ದಲ ತಣಿಸಲು ಮಹಾ ನಿರ್ದೇಶನಾಲಯ ಮಾಡಿದ್ದು ರಾತ್ರಿ ಪಾಳಿಯ ನಿಯಮದಿಂದ ಆ ಕಂಪೆನಿಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟದ್ದು. ಬಜ್ಪೆಯ ಧ್ವನಿಮುದ್ರಣದ ಗೊರಕೆಯಿಂದ ಹದಿನೈದು ವರ್ಷ ನಡೆದು ತಲುಪಿದ ನಿಯಮ ಒಂದು ವಾರದ ಕೂಗಿಗೆ ಹಿಂದೆ ಸರಿಯಿತು. ವಿಮಾನ ತಡವಾದರೆ ರೇಗುವ ನಾನು, ನೀವು ಆ ಕೂಗಿನಲ್ಲಿ ಇದ್ದೇವೆ. ಜಕ್ಕೂರಿನ ತರಬೇತಿ ಶಾಲೆಯಿಂದಲೋ ಹೊರರಾಜ್ಯದಿಂದಲೋ ಬಂದ ಇಪ್ಪತ್ತಾರರ ಹುಡುಗಿಯೊಬ್ಬಳು ಇಂದು ರಾತ್ರಿ ದೇವನಹಳ್ಳಿಯಲ್ಲಿ ಬಲಗಡೆಯ ಕುರ್ಚಿಯಲ್ಲಿ ಕೂತು, "ಸರ್, ಇನ್ನೊಂದು ಸುತ್ತು ಹೋಗೋಣ" ಎಂದರೆ ನಮಗೆ ಇಪ್ಪತ್ತು ನಿಮಿಷ ತಡವಾಗುತ್ತದೆ. ಕ್ಯಾಬಿನವನು ಕಾಯುತ್ತಿರುತ್ತಾನೆ, ಚಿಂತಾಮಣಿಯ ಕೊನೆಯ ಬಸ್ಸು ಹೋಗಿರುತ್ತದೆ.