ಸುಳ್ಳು ಕುಸ್ತಿ, ನಿಜವಾದ ಪೆಟ್ಟು

ಸೋಲು ಗೆಲುವುಗಳನ್ನು ಮೊದಲೇ ಗೊತ್ತುಮಾಡಿಕೊಂಡು ಆಡುವ ಕುಸ್ತಿಯನ್ನು, ಅದು ಹಾಗೆಂದು ತಿಳಿದೂ, ಮೂವತ್ತು ವರ್ಷಗಳಿಂದ ಬಿಡದೆ ನೋಡುತ್ತ ಬಂದವನಿಗೆ ಸತ್ಯದ ವಿಷಯವಾಗಿ ಮಾತನಾಡುವ ಅಧಿಕಾರ ಉಳಿದಿರುತ್ತದೆಯೆ? ಕೊಳ್ಳೇಗಾಲದ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಈ ಪ್ರಶ್ನೆ ವರ್ಷಕ್ಕೊಮ್ಮೆಯಾದರೂ ಎದ್ದೇ ಏಳುತ್ತದೆ. ಆರೋಪಿಯ ಸ್ಥಾನದಲ್ಲಿರುವವನು ನಾನು. "ಪಂಪ ರನ್ನರನ್ನು ಪಾಠ ಹೇಳುವ ನೀವು ಟಿವಿಯಲ್ಲಿ ಬರುವ ಆ ಅಮೆರಿಕದ ಕುಸ್ತಿ ನೋಡುವುದೆ? ಅದೆಲ್ಲ ನಾಟಕ ಸಾರ್" ಎನ್ನುತ್ತಾರೆ ಗಣಿತದ ಮಿತ್ರರು. ನಾಟಕ ಎಂಬ ಮಾತು ಯಾವಾಗಿನಿಂದ ಬೈಗಳಾಯಿತೋ ನಾನರಿಯೆ.

ನಿಜವಾದ ಕುಸ್ತಿಯ ರುಚಿ ಕಾಣದವನು ನಾನಲ್ಲ. ಹನೂರಿನಲ್ಲಿ ಹಿಪ್ಪುನೇರಳೆ ಬೆಳೆಯುತ್ತಿದ್ದ ನಮ್ಮ ಸೋದರಮಾವ ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿದವರು. ದಸರೆ ಬಂತೆಂದರೆ ನನ್ನನ್ನು ಯಳಂದೂರಿನಿಂದ ಮೈಸೂರಿಗೆ ಕರೆದೊಯ್ದು ದೊಡ್ಡಕೆರೆ ಮೈದಾನದ ಅಖಾಡದ ಮುಂದೆ ಕೂರಿಸುತ್ತಿದ್ದರು. ಅಲ್ಲಿ ತೂಕ, ವಯಸ್ಸು, ಕಸುವುಗಳನ್ನು ನೋಡಿ ಹಬ್ಬಕ್ಕೆ ಮುಂಚೆಯೇ ಜೋಡಿ ಕಟ್ಟುತ್ತಾರೆ. ಒಬ್ಬನ ಬೆನ್ನು ಮಣ್ಣಿಗೆ ಹತ್ತುವ ತನಕ ಬಿಡದ ಮಾರ್ಫಿಟ್ ಕುಸ್ತಿಗೆ ಜನ ಕಾದು ಕೂತಿರುತ್ತಾರೆ. ಹಲಗೆ ತಮಟೆಗಳ ಸದ್ದಿನ ನಡುವೆ ಕೆಂಪು ಮಟ್ಟಿಯ ಮೇಲೆ ಇಬ್ಬರು ತಲೆಗೆ ತಲೆ ಕೊಟ್ಟು ನಿಂತರೆಂದರೆ, ಎಷ್ಟೋ ಹೊತ್ತು ನಿಂತೇ ಇರುತ್ತಾರೆ. ನಿಜವೆಂಬುದು ಬಹುಮಟ್ಟಿಗೆ ಹೀಗೆಯೆ: ಕಾಯಿಸುತ್ತದೆ. ೧೯೧೦ರಲ್ಲಿ ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನಿಗೂ ಪೋಲೆಂಡಿನ ಜ್ಬಿಸ್ಕೊಗೂ ಆದ ಕುಸ್ತಿ ಎರಡೂವರೆ ಗಂಟೆಗೂ ಮಿಕ್ಕಿ ನಡೆದು ತೀರ್ಮಾನವಿಲ್ಲದೆ ಮುಗಿಯಿತು. ಅದರ ಬಹುಭಾಗವನ್ನು ಜ್ಬಿಸ್ಕೊ ನೆಲಕ್ಕೆ ಅವಚಿಕೊಂಡು ಮಲಗಿಯೇ ಕಳೆದನಂತೆ. ಹದಿನೆಂಟು ವರ್ಷಗಳ ಮೇಲೆ, ೧೯೨೮ರಲ್ಲಿ, ಪಟಿಯಾಲದಲ್ಲಿ ಅವರಿಬ್ಬರೂ ಮತ್ತೆ ಕೂಡಿದಾಗ ಗಾಮಾ ಅವನನ್ನು ಒಂದು ನಿಮಿಷದೊಳಗೇ ಕೆಡವಿದ. ಎರಡೂವರೆ ಗಂಟೆಯ ಬೇಸರ, ಇಲ್ಲವೆ ಕಣ್ಣು ಮಿಟುಕಿಸುವುದರೊಳಗೆ ಮುಕ್ತಾಯ. ಟಿಕೆಟು ಕೊಂಡವನಿಗೆ ಎರಡೂ ನಷ್ಟವೇ. ಪಶ್ಚಿಮದ ವ್ಯಾಪಾರಸ್ಥರು ಇದನ್ನು ಬೇಗ ಕಂಡುಕೊಂಡರು. ಕುಸ್ತಿಗೆ ಒಂದು ಕಥೆಯನ್ನೂ, ಒಬ್ಬ ನಾಯಕನನ್ನೂ, ಒಬ್ಬ ಖಳನನ್ನೂ ಜೋಡಿಸಿದರು.

ಈ ಬಗೆಯ ಕುಸ್ತಿ ನಮ್ಮ ದೇಶಕ್ಕೂ ಹೊಸತಲ್ಲ. ಅಜ್ಜಂದಿರ ಬಾಯಲ್ಲಿ ದಾರಾಸಿಂಗ್ ಮತ್ತು ಕಿಂಗ್‌ಕಾಂಗ್ ಎಂಬ ಹೆಸರುಗಳು ಭೀಮ-ಜರಾಸಂಧರಂತೆ ಜೋಡಿಯಾಗಿಯೇ ಬರುತ್ತಿದ್ದುವು. ದಾರಾಸಿಂಗ್ ೧೯೬೮ರಲ್ಲಿ ಮುಂಬಯಿಯಲ್ಲಿ ಅಮೆರಿಕದ ಲೂ ಥೆಜ್‌ನನ್ನು ಸೋಲಿಸಿ ಜಗಜ್ಜಟ್ಟಿ ಎನಿಸಿಕೊಂಡರು. ೧೯೮೭ರಲ್ಲಿ ಆರಂಭವಾದ ದೂರದರ್ಶನದ ರಾಮಾಯಣದಲ್ಲಿ ಹನುಮಂತನೂ ಆದರು. ಆಗ ಯಳಂದೂರಿನ ನಮ್ಮ ಬೀದಿಗೆಲ್ಲ ಒಂದೇ ಟಿವಿ. ಹನುಮಂತ ಕಾಣಿಸಿಕೊಂಡೊಡನೆ ನಮ್ಮ ಅಜ್ಜಿ ಸೆರಗು ಸರಿಪಡಿಸಿಕೊಂಡು ಕೈಮುಗಿಯುತ್ತಿದ್ದರು. "ಅಜ್ಜಿ, ಅದು ವೇಷ" ಎಂದು ಯಾವ ವಿಚಾರವಾದಿಯೂ ಅವರಿಗೆ ಹೇಳಲಿಲ್ಲ. ಹೇಳಿದ್ದರೆ, "ನನಗೆ ಗೊತ್ತಿಲ್ಲವೇನೋ?" ಎಂದು ಅವರೇ ಗದರುತ್ತಿದ್ದರು.

ಅಜ್ಜಿಯ ಈ ತಿಳಿವಳಿಕೆಯನ್ನು ನಾವು ಸಾಕಷ್ಟು ಗೌರವಿಸುವುದಿಲ್ಲ. ಬಾನದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಸಿದ್ಧಪ್ಪಾಜಿಯ ಕಥೆ ಹಾಡುವಾಗ, ಹಲಗೂರಿನ ಪಾಂಚಾಳರು ಒಡ್ಡಿದ ಪರೀಕ್ಷೆಗಳನ್ನು ಆತ ಗೆದ್ದೇ ಗೆಲ್ಲುತ್ತಾನೆಂದು ಕೇಳುವವರಿಗೆಲ್ಲ ಗೊತ್ತು. ಗದಾಯುದ್ಧದಲ್ಲಿ ದುರ್ಯೋಧನನ ತೊಡೆ ಮುರಿಯುತ್ತದೆಂದು ನನ್ನ ತರಗತಿಯ ಕೊನೆಯ ಬೆಂಚಿನವನಿಗೂ ಗೊತ್ತು. ಆದರೂ ರನ್ನ ಸಾವಿರ ವರ್ಷಗಳಿಂದ ಓದುಗರನ್ನು ಹಿಡಿದಿಟ್ಟಿದ್ದಾನೆ. ಮುಗಿವು ತಿಳಿದಿದೆಯೆಂಬ ಕಾರಣಕ್ಕೆ ಕರುಳಿನ ಮಿಡಿತ ಸುಳ್ಳಾಗುವುದಿಲ್ಲ.

ಗಣಿತದ ಮಿತ್ರರು ಇಷ್ಟಕ್ಕೆ ಸುಮ್ಮನಾಗುವವರಲ್ಲ. "ರನ್ನ ತನ್ನದು ಕಾವ್ಯವೆಂದು ಹೇಳಿಕೊಂಡ, ನಿಮ್ಮವರು ಪಂದ್ಯವೆಂದು ಹೇಳಿ ದುಡ್ಡು ಕಿತ್ತರು" ಎನ್ನುತ್ತಾರೆ. ಮಾತು ಬಲವಾದದ್ದು. ಅಮೆರಿಕದ ಈ ಕುಸ್ತಿಯ ಬಹುದೊಡ್ಡ ಸಂಸ್ಥೆಯವರು ೧೯೮೯ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ, ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಕ್ರೀಡೆಯೆಂದರೆ ತೆರಬೇಕಾಗಿದ್ದ ತೆರಿಗೆ, ಕಟ್ಟುಪಾಡುಗಳಿಂದ ತಪ್ಪಿಸಿಕೊಳ್ಳಲು. ಅವರು ಹೇಳುತ್ತಿದ್ದ ಸುಳ್ಳಿನ ಹಿಂದಾದರೂ ಒಂದಿಷ್ಟು ಕಲೆಯಿತ್ತು. ಹೇಳಿದ ಈ ಸತ್ಯದ ಹಿಂದೆ ಲೆಕ್ಕದ ಪುಸ್ತಕ ಮಾತ್ರವಿತ್ತು. ವಿಚಿತ್ರವೆಂದರೆ, ಗುಟ್ಟು ರಟ್ಟಾದ ಮೇಲೂ ನೋಡುವವರು ಕಡಮೆಯಾಗಲಿಲ್ಲ. ಯಳಂದೂರಿಗೆ ಕೇಬಲ್ ಟಿವಿ ಬಂದು, ನಾವು ಹುಡುಗರು ಪೈಲ್ವಾನರ ಎತ್ತರ ತೂಕಗಳನ್ನು ಅಚ್ಚುಹಾಕಿದ ಟ್ರಂಪ್ ಕಾರ್ಡುಗಳಿಗಾಗಿ ಬಡಿದಾಡಿದ್ದು ಅದಾದ ಮೇಲೆಯೆ.

ಹಾಗಾದರೆ ನೋಡುವವನು ಮೆಚ್ಚುವುದು ಏನನ್ನು? ಫ್ರಾನ್ಸಿನ ರೋಲಾಂ ಬಾರ್ತ್ ೧೯೫೭ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ, ಈ ಕುಸ್ತಿ ಕ್ರೀಡೆಯೇ ಅಲ್ಲ, ಅದೊಂದು ಪ್ರದರ್ಶನ. ಪಂದ್ಯ ನಿಜವೋ ಕೃತಕವೋ ಎಂಬ ಚಿಂತೆ ಪ್ರೇಕ್ಷಕರಿಗಿಲ್ಲ ಎಂದಿದ್ದಾನೆ. ಅರ್ಧ ಸರಿ. ಫಲಿತಾಂಶ ಕೃತಕವೆಂಬ ಚಿಂತೆ ನಮಗಿಲ್ಲ. ಬೀಳುವುದು ನಿಜವೆಂಬುದು ಮಾತ್ರ ಚೆನ್ನಾಗಿ ಗೊತ್ತು. ಆ ಕಣದ ನೆಲವೆಂದರೆ ಕಬ್ಬಿಣದ ಚೌಕಟ್ಟಿನ ಮೇಲೆ ಮರದ ಹಲಗೆ, ಅದರ ಮೇಲೆ ತೆಳುವಾದೊಂದು ಮೆತ್ತೆ, ಮೇಲೊಂದು ದಪ್ಪ ಬಟ್ಟೆ. ಆಳೆತ್ತರದಿಂದ ಬೆನ್ನಡಿಯಾಗಿ ಅದರ ಮೇಲೆ ಬೀಳುವುದಕ್ಕೆ ಯಾವ ಕಣ್ಕಟ್ಟೂ ಇಲ್ಲ. ಎತ್ತಿ ಒಗೆಯುವವನ ಕೈಯಲ್ಲಿ ಒಗೆಸಿಕೊಳ್ಳುವವನ ಕತ್ತಿರುತ್ತದೆ. ಹೊರಗೆ ಹಗೆ, ಒಳಗೆ ನಂಬಿಕೆ. (ನಮ್ಮ ಸಭೆ ಸಮಾರಂಭಗಳಲ್ಲಿ ಹಾರ ಬದಲಾಯಿಸಿಕೊಳ್ಳುವವರದು ಇದಕ್ಕೆ ತಿರುಗುಮುರುಗು.) ಅದರಲ್ಲಿಯೂ ಖಳನ ಪಾತ್ರದವನ ಕೆಲಸ ಕಷ್ಟದ್ದು: ಊರಿನವರಿಂದೆಲ್ಲ ಬೈಸಿಕೊಳ್ಳುತ್ತ, ಎದುರಾಳಿಯ ಮೈಗೆ ಅಪಾಯವಾಗದಂತೆ ನೋಡಿಕೊಳ್ಳುತ್ತ, ಕಡೆಗೆ ತಾನು ಚಿತ್ತಾಗಬೇಕು.

ಗರಡಿಯಲ್ಲಿ ಬೆಳೆದ ಸೋದರಮಾವನಿಗೆ ಟಿವಿಯ ಈ ಕುಸ್ತಿ ಹಿಡಿಸಲಾರದೆಂದು ಮನೆಯವರೆಲ್ಲ ಎಣಿಸಿದ್ದೆವು. ಅವರು ಒಂದು ಸಂಜೆ ಪೂರ್ತಿ ಕೂತು ನೋಡಿ ಹೇಳಿದ್ದಿಷ್ಟು: "ಬೀಳೋದು ಗೊತ್ತಿದ್ದೂ ಬೀಳ್ತಾನಲ್ಲ, ಅದು ಕಷ್ಟ ಕಣ್ಲಾ. ಗೊತ್ತಿಲ್ದೆ ಯಾರ್ ಬೇಕಾದ್ರೂ ಬೀಳ್ತಾರೆ." ಆಮೇಲೆ, ಬಿದ್ದವನು ಎದ್ದು ಒಳಗೆ ಹೋಗುವ ತನಕ ಅವರು ಟಿವಿ ಆರಿಸಲು ಬಿಡುತ್ತಿರಲಿಲ್ಲ.

ಗೊತ್ತುಮಾಡಿದ ಕುಸ್ತಿಯಲ್ಲಿ ಮೋಸ ಸಾಧ್ಯವೆ? ೧೯೯೭ರ ನವೆಂಬರ್ ೯ರಂದು ಮಾಂಟ್ರಿಯಲ್‌ನಲ್ಲಿ ಅದೂ ಆಯಿತು. ಸಂಸ್ಥೆಯನ್ನು ಬಿಟ್ಟುಹೋಗಲಿದ್ದ ಕೆನಡಾದ ಬ್ರೆಟ್ ಹಾರ್ಟ್ ಎಂಬ ಜಗಜ್ಜಟ್ಟಿಗೆ ಆ ದಿನದ ಮುಗಿವು ಇಂಥದ್ದೆಂದು ಹೇಳಿ ಒಪ್ಪಿಸಲಾಗಿತ್ತು. ಕಣದಲ್ಲಿ ಎದುರಾಳಿ ಅವನಿಗೆ ಪಟ್ಟು ಹಾಕಿದ್ದೇ ತಡ, ಅವನು ಸೋಲೊಪ್ಪದಿದ್ದರೂ ಯಜಮಾನ ಗಂಟೆ ಹೊಡೆಸಿಬಿಟ್ಟ. ಲೋಕದಾದ್ಯಂತ ಅಭಿಮಾನಿಗಳು ರೇಗಿದರು. ಈ ಸಿಟ್ಟನ್ನು ಕಂಡು ನಗುವುದು ಸುಲಭ. ಆದರೆ ಅವರು ಹಿಡಿದದ್ದು ಸರಿಯಾದ ನ್ಯಾಯವನ್ನೇ: ಇಬ್ಬರೂ ತಿಳಿದು ಆಡುವ ಸುಳ್ಳು ಆಟ, ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬ ಬದಲಿಸಿದ ಗಳಿಗೆಯಿಂದ ಅದು ವಂಚನೆ.

ಮೈಸೂರಿನಲ್ಲಿ ವಿಜಯದಶಮಿಯ ದಿನ ಅರಮನೆಯೊಳಗೆ ನಡೆಯುವ ವಜ್ರಮುಷ್ಟಿ ಕಾಳಗವನ್ನು ಓದುಗರಲ್ಲಿ ಅನೇಕರು ಬಲ್ಲರು. ಮೈಸೂರು, ಚನ್ನಪಟ್ಟಣ, ಬೆಂಗಳೂರು, ನಮ್ಮ ಚಾಮರಾಜನಗರ ಮುಂತಾದ ಕಡೆಗಳ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನೆಯುಳ್ಳ ಆಯುಧ ತೊಟ್ಟು ಎದುರಾಗುತ್ತಾರೆ. ಅಲ್ಲಿ ಹಗೆಯಿಲ್ಲ, ಗೆಲುವಿಗೆ ಅಂಥ ಬೆಲೆಯೂ ಇಲ್ಲ, ಅದು ಸೇವೆ. ಒಬ್ಬನ ತಲೆಯಿಂದ ಒಂದು ಹನಿ ರಕ್ತ ಕಂಡಿತೋ, ಕಾಳಗ ನಿಂತಿತು. ಹಗೆ ವೇಷದ್ದು, ನೆತ್ತರು ನಿಜವಾದದ್ದು. ನಿಜವಾದದ್ದು ತಲೆದೋರಿದೊಡನೆ ವೇಷ ಹಿಂದೆ ಸರಿಯಬೇಕೆಂಬ ಕಟ್ಟಳೆಯನ್ನು ಯಾರು ಮಾಡಿದರೋ, ಅವರು ಬಹಳ ತಿಳಿದವರು.

೧೯೯೯ರ ಮೇ ೨೩ರಂದು ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಬ್ರೆಟ್‌ನ ತಮ್ಮ ಓವನ್ ಹಾರ್ಟ್‌ನನ್ನು ಸಭಾಂಗಣದ ಸೂರಿನಿಂದ ಹಗ್ಗದಲ್ಲಿ ಇಳಿಬಿಡುವ ಏರ್ಪಾಟಾಗಿತ್ತು. ಕೊಂಡಿ ಬಿಚ್ಚಿಕೊಂಡು ಅವನು ಸುಮಾರು ಎಪ್ಪತ್ತೆಂಟು ಅಡಿ ಕೆಳಗೆ ಕಣದೊಳಕ್ಕೆ ಬಿದ್ದು ಸತ್ತ. ಮೂವತ್ತನಾಲ್ಕು ವರ್ಷ. ಅವನನ್ನು ಹೊತ್ತೊಯ್ದ ಮೇಲೆ ಅದೇ ಕಣದಲ್ಲಿ ಉಳಿದ ಕುಸ್ತಿಗಳು ನಡೆದುವು. ಟಿವಿಯ ಮುಂದೆ ಕೂತಿದ್ದವರಿಗೆ ಸಾವಿನ ಸುದ್ದಿಯನ್ನು ತಿಳಿಸಿದರು. ಸಭಾಂಗಣದಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದ ಸಾವಿರಾರು ಜನರಿಗೆ ತಿಳಿಸಲಿಲ್ಲ. ಆ ಜನ ಮೋಸಹೋಗಲು ಒಪ್ಪಿಯೇ ದುಡ್ಡು ಕೊಟ್ಟು ಒಳಗೆ ಬಂದಿದ್ದರು, ನಿಜ. ಯಾರು ಗೆದ್ದರು, ಯಾರು ಸೋತರು ಎಂಬಷ್ಟಕ್ಕೆ ಒಪ್ಪಿದ್ದರು. ಇದಕ್ಕೆ ಒಪ್ಪಿರಲಿಲ್ಲ.

"ಎಲ್ಲ ನಾಟಕ" ಎನ್ನುವ ಗಣಿತದ ಮಿತ್ರರಿಗೆ ನಾನು ಈ ಸಂಗತಿ ಹೇಳಿದ್ದೇನೆ. ಎಲ್ಲವೂ ನಾಟಕವೆಂದು ಬಲ್ಲವರಿಗೆ ಬಿದ್ದವನು ಏಳದಿರುವುದೂ ನಾಟಕವಾಗಿಯೇ ಕಾಣುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೂ ನೀವು ಬಿಡಲಿಲ್ಲವಲ್ಲ ಸಾರ್?" ಎಂದರು. ಬಿಟ್ಟಿಲ್ಲ. ಮುರಿದ ಕುತ್ತಿಗೆ, ಸವೆದ ಮಂಡಿಗಳ ಲೆಕ್ಕ ನನಗೂ ಗೊತ್ತು. ಪೈಲ್ವಾನರು ಎತ್ತರದಿಂದೆತ್ತರಕ್ಕೆ ಹತ್ತಿ ಧುಮುಕುವುದು ನನ್ನಂಥವರ ಚಪ್ಪಾಳೆಗಾಗಿಯೇ ಎಂಬುದೂ ಗೊತ್ತು. ಈಗೀಗ ಹಗ್ಗದ ಮೇಲೇರಿ ನಿಲ್ಲುವವನಿಗಿಂತ ಕೆಳಗೆ ಕೈಚಾಚಿ ಅವನನ್ನು ಹಿಡಿದುಕೊಳ್ಳಲು ನಿಂತವನ ಮೇಲೆಯೇ ನನ್ನ ಕಣ್ಣು ಹೋಗುತ್ತದೆ.