ಹೊರಗೆ ಹಾಕಿದ ಬಿಸಿ

ಏ.ಸಿ. ಯಂತ್ರ ತಂಪನ್ನು ಹುಟ್ಟಿಸುತ್ತದೆ ಎಂಬುದು ನಮ್ಮ ಹೆಂಗಸರಲ್ಲಿ, ಗಂಡಸರಲ್ಲೂ, ಅನೇಕರ ನಂಬಿಕೆ. ಒಲೆ ಬಿಸಿಯನ್ನು ಕೊಡುವ ಹಾಗೆ ಇದು ತಂಪನ್ನು ಕೊಡುತ್ತದೆ ಎಂದುಕೊಳ್ಳುತ್ತಾರೆ. ಆ ಕಸುಬಿನವರನ್ನು ಕೇಳಿ ನೋಡಿ. ತಂಪು ಅನ್ನುವ ಪದಾರ್ಥವೇ ಇಲ್ಲ, ಇರುವುದು ಬಿಸಿ ಒಂದೇ, ಅದನ್ನು ಒಳಗಿನಿಂದ ಎತ್ತಿ ಹೊರಗೆ ಹಾಕುವುದಷ್ಟೇ ನಮ್ಮ ಕೆಲಸ ಎನ್ನುತ್ತಾರೆ. ಮನೆ ಗುಡಿಸಿ ಕಸವನ್ನು ಬೀದಿಗೆ ತಳ್ಳಿದ ಹಾಗೆ. ಸಾಲದ್ದಕ್ಕೆ, ಹಾಗೆ ಎತ್ತಿ ಹಾಕಲು ಖರ್ಚಾದ ಕರೆಂಟೂ ಕೊನೆಗೆ ಬಿಸಿಯೇ ಆಗಿ ಅದರ ಜೊತೆ ಸೇರಿಕೊಳ್ಳುತ್ತದಂತೆ. ಕೋಣೆಯಿಂದ ಮೂರು ಪಾಲು ಬಿಸಿ ತೆಗೆದರೆ ಹೊರಗೆ ಬೀಳುವುದು ಹೆಚ್ಚುಕಡಿಮೆ ನಾಲ್ಕು ಪಾಲು.

ಇದನ್ನು ನನಗೆ ಬಿಡಿಸಿ ಹೇಳಿದವನು ನನ್ನ ಹಳೆಯ ವಿದ್ಯಾರ್ಥಿ. ಚಾಮರಾಜಪೇಟೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ನನ್ನ ಹತ್ತಿರ ಕನ್ನಡವನ್ನೂ ಸಮಾಜವನ್ನೂ ಓದಿ 1999ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗ. ಆಮೇಲೆ ಐ.ಟಿ.ಐ. ಸೇರಿ ಎರಡು ವರ್ಷ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಕಲಿತ. ಜೆ.ಸಿ. ರಸ್ತೆಯ ಒಬ್ಬ ಮೇಸ್ತ್ರಿಯ ಕೈಕೆಳಗೆ ಕೆಲವು ವರ್ಷ ದುಡಿದ. ಈಗ ಅವನೇ ಇಬ್ಬರು ಹುಡುಗರನ್ನಿಟ್ಟುಕೊಂಡು ಬಸವನಗುಡಿ, ಮಲ್ಲೇಶ್ವರದ ಕಡೆ ಮನೆಗಳಿಗೆ ಏ.ಸಿ. ಕೂರಿಸುತ್ತಾನೆ. ಒಂದು ಆಸ್ಪತ್ರೆಯ ಗಾಳಿಯಂತ್ರಗಳನ್ನೂ ನೋಡಿಕೊಳ್ಳುತ್ತಾನೆ. ಹಬ್ಬಕ್ಕೆ ಬಂದು ಹೋಗುವ ರೂಢಿ ಇಟ್ಟುಕೊಂಡಿದ್ದಾನೆ. ಬಂದಾಗಲೆಲ್ಲ ಅವನ ಕಸುಬಿನ ವಿಷಯ ಕೇಳುವುದು ನನಗೂ ಒಂದು ರೂಢಿ.

ಐ.ಟಿ.ಐ. ಸೇರಿದ ಹೊಸತರಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ ಇದ್ದುದರಿಂದ ಅವನು ಕಂಗಾಲಾಗಿದ್ದನಂತೆ. ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕವೊಂದನ್ನು ಕೊಂಡು ತಂದ. ಅದೂ ಇಂಗ್ಲಿಷೇ. ಒಂದು ದಿನ ಮಾಸ್ತರರು 'ಲೇಟೆಂಟ್ ಹೀಟ್' ಎಂದು ಬೋರ್ಡಿನ ಮೇಲೆ ಬರೆದು, ನೀರು ಆವಿಯಾಗುವಾಗ ಬಿಸಿಯನ್ನು ಹೀರಿಕೊಂಡರೂ ಥರ್ಮಾಮೀಟರು ಮೇಲೇರುವುದಿಲ್ಲ ಎಂದು ವಿವರಿಸಿದಾಗ ಇವನಿಗೆ ಫಕ್ಕನೆ ಹೊಳೆಯಿತು. "ಇದು ನಮ್ಮ ಗುಪ್ತೋಷ್ಣ ಅಲ್ವಾ ಮಿಸ್! ಒಂಬತ್ತನೇ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದು" ಎಂದು ಇವತ್ತಿಗೂ ಹೇಳಿಕೊಂಡು ನಗುತ್ತಾನೆ. ಬಾಯಿಪಾಠವನ್ನು ಹೀಗಳೆಯುವವರು ಈ ಕಥೆಯನ್ನು ಒಮ್ಮೆ ಕೇಳಬೇಕು. ಅರ್ಥವಾಗದೆ ಕಲಿತ ಮಾತೂ ಹಲವು ವರ್ಷ ಒಳಗೇ ಕೂತಿದ್ದು, ಬೇಕಾದ ದಿನ ಎದ್ದು ಬರುತ್ತದೆ.

ಆ ಯಂತ್ರ ಕೆಲಸ ಮಾಡುವುದೂ ಈ ಗುಪ್ತೋಷ್ಣದಿಂದಲೇ. ತಾಮ್ರದ ಕೊಳವೆಯೊಳಗಿನ ದ್ರವ ಆವಿಯಾಗುತ್ತ ಕೋಣೆಯ ಬಿಸಿಯನ್ನು ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಹೊರಗಿನ ಪೆಟ್ಟಿಗೆಗೆ ತಳ್ಳುತ್ತದೆ. ಅಲ್ಲಿ ಅದು ಬಿಸಿಯನ್ನು ಬಿಟ್ಟು ಮತ್ತೆ ದ್ರವವಾಗುತ್ತದೆ. ಒಂದು ಟನ್ ಏ.ಸಿ. ಅಂದರೆ ಪೆಟ್ಟಿಗೆಯ ತೂಕವಲ್ಲ. 24 ಗಂಟೆಯಲ್ಲಿ ಒಂದು ಟನ್ ಮಂಜುಗಡ್ಡೆಯನ್ನು ಕರಗಿಸಲು ಎಷ್ಟು ಬಿಸಿ ಬೇಕೋ ಅಷ್ಟನ್ನು ಹೊರಹಾಕುವ ಶಕ್ತಿ. ಕೂತಿರುವ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಬಿಸಿ ಬರುತ್ತದೆಯಂತೆ. ಅರವತ್ತು ಜನರಿರುವ ಕೋಣೆಯಲ್ಲಿ ಆರು ಇಸ್ತ್ರಿಪೆಟ್ಟಿಗೆ ಉರಿಸಿಟ್ಟ ಹಾಗೆ! ಮಧ್ಯಾಹ್ನದ ಮೊದಲನೆಯ ಪಿರಿಯಡ್ಡಿನಲ್ಲಿ ಮಕ್ಕಳು ತೂಕಡಿಸುವುದಕ್ಕೆ ಅಲ್ಲಮನ ವಚನವನ್ನು ದೂರುವುದು ಸರಿಯಲ್ಲ.

ಇನ್ನೊಂದು ಸ್ವಾರಸ್ಯವಿದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಇಂದಿನ ಏ.ಸಿ.ಗೆ ಮೂಲವಾದ ಏರ್ಪಾಟನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ನ್ಯೂಯಾರ್ಕಿನ ಒಂದು ಅಚ್ಚುಕೂಟದ ಕಾಗದಕ್ಕಾಗಿ. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಕಾಗದದ ಉಪಚಾರಕ್ಕೆ ಬಂದದ್ದು ಆಮೇಲೆ ಮನುಷ್ಯರಿಗೂ ಬೇಕಾಯಿತು.

ನಮ್ಮ ಬಡಾವಣೆಗಳು ಹುಟ್ಟಿದ್ದೇ ಗಾಳಿಯ ಕಾರಣಕ್ಕೆ ಎನ್ನಬಹುದು. ಚಾಮರಾಜಪೇಟೆ 1892ರದು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಹೊತ್ತಿನಲ್ಲಿ ರೂಪುಗೊಂಡವು. ಹಳೆಯ ಪೇಟೆಯ ಒತ್ತೊತ್ತಾದ ಮನೆಗಳಲ್ಲಿ ರೋಗ ಹಬ್ಬಿದ್ದನ್ನು ಕಂಡವರು ಇಲ್ಲಿ ಅಗಲವಾದ ನೇರ ರಸ್ತೆ, ಮನೆಯ ಸುತ್ತ ಬಯಲು, ಹಿಂದೆ ಒಂದು ಓಣಿ ಇಟ್ಟರು. ಮನೆ ಕಟ್ಟಿಸಿದವರು ಗೋಡೆಯ ತುದಿಯಲ್ಲಿ ವೆಂಟಿಲೇಟರ್ ಇಟ್ಟರು. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೋಗುತ್ತಿತ್ತು, ತಣ್ಣನೆಯದು ಕೆಳಗಿನ ಕಿಟಕಿಯಿಂದ ಬರುತ್ತಿತ್ತು. ಯಾರ ಮನೆಯ ಬಿಸಿಯೂ ಇನ್ನೊಬ್ಬರ ಮನೆಗೆ ಹೋಗದಷ್ಟು ಜಾಗ ನಡುವೆ ಇತ್ತು. ಈಗ ಆ ನಿವೇಶನಗಳಲ್ಲಿ ನಾಲ್ಕು ಅಂತಸ್ತು ಎದ್ದಿವೆ. ಮನೆಗೂ ಮನೆಗೂ ನಡುವೆ ಮೂರಡಿ ಸಂದು. 2016ರ ಏಪ್ರಿಲ್ಲಿನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತು. 2024ರ ಏಪ್ರಿಲ್ಲಿನಲ್ಲೂ 38 ದಾಟಿತು. ಫ್ಯಾನೇ ಬೇಡವೆನ್ನುತ್ತಿದ್ದ ಮನೆಗಳಲ್ಲಿ ಈಗ ಕೋಣೆಗೊಂದು ಏ.ಸಿ. ಕೇಳುತ್ತಾರೆ. ಕೇಳುವುದು ತಪ್ಪೆಂದು ನಾನು ಹೇಳಲಾರೆ. ಹಾಸಿಗೆ ಹಿಡಿದ ಮುದುಕರಿದ್ದಾರೆ, ಬಾಣಂತಿಯರಿದ್ದಾರೆ.

ಹಾಗೆ ಒಂದು ಹೊಸ ಕಟ್ಟಡಕ್ಕೆ ನಾಲ್ಕು ಏ.ಸಿ. ಕೂರಿಸುವ ಕೆಲಸ ನನ್ನ ಶಿಷ್ಯನಿಗೆ ಬಂತು. ಹೊರಗಿನ ನಾಲ್ಕೂ ಪೆಟ್ಟಿಗೆಗಳನ್ನು ಪಕ್ಕದ ಸಂದಿನಲ್ಲೇ ಸಾಲಾಗಿ ಕೂರಿಸು ಎಂದರು ಮನೆಯ ಯಜಮಾನರು. ಸಂದಿನ ಆಚೆ ಬದಿಗೆ ಹಳೆಯ ಹೆಂಚಿನ ಮನೆ. ಅದರಲ್ಲಿ ಒಬ್ಬರೇ ಇರುವ ಎಂಬತ್ತರ ಅಜ್ಜಿ. ಅವರ ಅಡಿಗೆಮನೆಯ ಕಿಟಕಿ ತೆರೆಯುವುದು ಆ ಸಂದಿಗೇ. ಇವನು, "ಸಾರ್, ಟೆರೇಸಿಗೆ ತಗೊಂಡು ಹೋಗೋಣ, ಪೈಪು ಸ್ವಲ್ಪ ಜಾಸ್ತಿ ಬೇಕಾಗುತ್ತೆ" ಎಂದ. ತಾಮ್ರದ ಬೆಲೆ ಗೊತ್ತಿರುವ ಯಜಮಾನರು, "ಆ ಮುದುಕಿ ಉಸಾಬರಿ ನಿನಗ್ಯಾಕಯ್ಯಾ? ದುಡ್ಡು ಕೊಡೋನು ನಾನಲ್ವಾ?" ಎಂದರು. ಇವನು ಕೊಟೇಷನ್ ಹಿಂದಕ್ಕೆ ತೆಗೆದುಕೊಂಡು ಬಂದುಬಿಟ್ಟ. ಬೇರೊಬ್ಬರು ಬಂದು ಎರಡು ದಿನದಲ್ಲಿ ನಾಲ್ಕನ್ನೂ ಆ ಸಂದಿನಲ್ಲೇ ಕೂರಿಸಿ ಹೋದರು. ಅಜ್ಜಿ ಈಗ ಬೇಸಿಗೆಯಲ್ಲಿ ಕಿಟಕಿ ಮುಚ್ಚಿಕೊಂಡು ಅಡಿಗೆ ಮಾಡುತ್ತಾರೆ.

ಇದನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಬಂದ ಮೊದಲ ಮಾತು: "ಬಿಟ್ಟು ಏನು ಸಾಧಿಸಿದ ಹಾಗಾಯ್ತು? ಅಜ್ಜಿಗೆ ತಂಪಾಯ್ತಾ? ಇವನ ಹೊಟ್ಟೆಗೆ ಕಲ್ಲು ಬಿತ್ತು, ಅಷ್ಟೇ." ಎರಡನೆಯ ಮಾತು ಇನ್ನೂ ಹಳೆಯದು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು, ಕೂಲಿ ಕೊಟ್ಟವನು ಹೇಳಿದಂತೆ ಮಾಡುವುದೇ ಕೆಲಸಗಾರನ ಧರ್ಮ, ನೆರೆಹೊರೆಯ ನ್ಯಾಯ ಅವರವರಿಗೆ ಬಿಟ್ಟದ್ದು.

ಮೊದಲ ಮಾತಿಗೆ ಉತ್ತರ ಕೊಡುವುದು ಕಷ್ಟ. ಲೆಕ್ಕ ನೋಡಿದರೆ ಅವರು ಹೇಳಿದ್ದು ನಿಜ. ಆದರೆ ಈ ಮಾತನ್ನು ನಾನು ಪರೀಕ್ಷೆಯ ದಿನಗಳಲ್ಲಿಯೂ ಕೇಳಿದ್ದೇನೆ. ನಾವು ಕಾಪಿ ಹಿಡಿದರೇನು ಬಂತು, ಪಕ್ಕದ ಕೋಣೆಯಲ್ಲಿ ಬಿಡುತ್ತಾರಲ್ಲ ಎನ್ನುತ್ತಾರೆ. ಪಕ್ಕದ ಕೋಣೆಯವರೂ ನಮ್ಮನ್ನು ತೋರಿಸಿ ಅದನ್ನೇ ಹೇಳುತ್ತಿರುತ್ತಾರೆ. ಒಬ್ಬರ ಬೆನ್ನ ಹಿಂದೆ ಒಬ್ಬರು ನಿಂತು ಎಲ್ಲರೂ ಮರೆಯಾಗುವ ಉಪಾಯ ಇದು. ಉಪ್ಪಿನ ಋಣದ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದು ಉಂಡ ಮನೆಗೆ ಕೇಡು ಬಗೆಯಬೇಡ ಎನ್ನುತ್ತದೆಯೇ ಹೊರತು ಅದರ ಪರವಾಗಿ ಪಕ್ಕದ ಮನೆಗೆ ಕೇಡು ಮಾಡು ಎಂದು ಹೇಳುವುದಿಲ್ಲ. ಅಜ್ಜಿ ಇವನಿಗೆ ಕೂಲಿ ಕೊಡುವವರಲ್ಲ, ನಿಜ. ಆದರೆ ಇವನ ಕೆಲಸದ ಬಿಸಿ ತಟ್ಟುವುದು ಅವರಿಗೆ. ಕೂಲಿಯ ಸಂಬಂಧ ಇಲ್ಲದಿದ್ದರೂ ಬಿಸಿಯ ಸಂಬಂಧ ಇದೆಯಲ್ಲ?

ಇಷ್ಟೆಲ್ಲ ನಾನು ಯೋಚಿಸಿ ಇಟ್ಟುಕೊಂಡಿದ್ದರೆ, ಅವನು ಬಂದು ಬೇರೆಯೇ ಹೇಳಿದ. "ಧರ್ಮಗಿರ್ಮ ಏನೂ ಇಲ್ಲ ಮಿಸ್. ಮೂರಡಿ ಸಂದಿನಲ್ಲಿ ನಾಲ್ಕು ಯೂನಿಟ್ ಇಟ್ರೆ ಒಂದು ಉಗುಳಿದ ಬಿಸಿಗಾಳೀನ ಇನ್ನೊಂದು ಎಳ್ಕೊಳ್ಳುತ್ತೆ. ರೂಮು ತಣ್ಣಗಾಗಲ್ಲ, ಕರೆಂಟ್ ಬಿಲ್ ಏರುತ್ತೆ, ಕಂಪ್ರೆಸರ್ ಬೇಗ ಹೋಗುತ್ತೆ. ಆಮೇಲೆ ಬೈಸ್ಕೊಳ್ಳೋನು ನಾನು." ಅಂದರೆ ಅಜ್ಜಿಗೆ ಕೆಟ್ಟದ್ದು ಯಂತ್ರಕ್ಕೂ ಕೆಟ್ಟದ್ದೇ! ವಿದ್ಯೆಯನ್ನು ಚೆನ್ನಾಗಿ ಕಲಿತವನಿಗೆ ಒಳ್ಳೆಯತನ ಎಷ್ಟೋ ಸಲ ವಿದ್ಯೆಯ ವೇಷದಲ್ಲೇ ಬರುತ್ತದೆಯೇನೋ. ಅವನು ಸಂಕೋಚದಿಂದ ಹಾಗೆ ಹೇಳಿದನೋ ನಿಜವಾಗಿಯೂ ಅಷ್ಟೇ ಯೋಚಿಸಿದ್ದನೋ, ನಾನು ಕೆದಕಲಿಲ್ಲ.

ಆದರೆ ಎಲ್ಲ ಕಡೆಗೂ ಈ ಅನುಕೂಲ ಇರುವುದಿಲ್ಲ. ಗ್ಯಾಸಿನ ವಿಷಯ ನೋಡಿ. ಹಳೆಯ ಏ.ಸಿ.ಯನ್ನು ಬಿಚ್ಚಿ ತೆಗೆಯುವಾಗ ಅದರೊಳಗಿನ ಗ್ಯಾಸನ್ನು ಏನು ಮಾಡಬೇಕು? ಒಂದು ವಾಲ್ವು ಮುಚ್ಚಿ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿದರೆ ಗ್ಯಾಸೆಲ್ಲ ಹೊರಗಿನ ಪೆಟ್ಟಿಗೆಯಲ್ಲಿ ಬಂದು ಸೇರುತ್ತದೆ. ಆಗ ಇನ್ನೊಂದನ್ನೂ ಮುಚ್ಚಬೇಕು. ಇಷ್ಟು ಪುರುಸೊತ್ತಿಲ್ಲದವರು ಸ್ಪಾನರಿನಿಂದ ನಟ್ಟು ಸಡಿಲಿಸುತ್ತಾರೆ. ಬುಸ್ಸೆಂದು ಹೋಗುತ್ತದೆ, ಕೆಲಸ ಮುಗಿಯಿತು. ಬಣ್ಣವಿಲ್ಲ, ಗಮನಕ್ಕೆ ಬರುವ ವಾಸನೆಯಿಲ್ಲ, ನೋಡುವವರಿಲ್ಲ. ಹಳೆಯ ಗ್ಯಾಸುಗಳು ಆಕಾಶದ ಓಜೋನ್ ಪದರವನ್ನು ತಿನ್ನುತ್ತವೆಂದು ಗೊತ್ತಾಗಿ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಸೇರಿತು. ಓಜೋನನ್ನು ತಿನ್ನದ ಹೊಸ ಗ್ಯಾಸುಗಳು ಬಂದವು. ಅವೂ ಭೂಮಿಯ ಬಿಸಿ ಏರಿಸುತ್ತವೆಂದು 2016ರಲ್ಲಿ ಕಿಗಾಲಿಯಲ್ಲಿ ಇನ್ನೊಂದು ಒಪ್ಪಂದವಾಯಿತು. ಅದನ್ನು ಭಾರತ 2021ರಲ್ಲಿ ಅನುಮೋದಿಸಿತು. ಹಳೆಯ ಆರ್-22 ಗ್ಯಾಸು ಒಂದು ಕಿಲೋ ಹೊರಬಿದ್ದರೆ ಸುಮಾರು 1800 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಇಷ್ಟು ದೊಡ್ಡ ದೊಡ್ಡ ಒಪ್ಪಂದಗಳು ಕೊನೆಗೆ ಬಂದು ನಿಲ್ಲುವುದು ಮಲ್ಲೇಶ್ವರದ ಯಾವುದೋ ಮನೆಯ ಸಜ್ಜೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತ ಹುಡುಗನೊಬ್ಬನ ಸ್ಪಾನರಿನ ತುದಿಗೆ. ಅವನು ನಟ್ಟು ಬಿಚ್ಚಿದರೆ ಯಂತ್ರ ಕೆಡುವುದಿಲ್ಲ, ಬೈಯುವವರಿಲ್ಲ. ಕಿಟಕಿ ಮುಚ್ಚಿಕೊಳ್ಳುವ ಅಜ್ಜಿಯೂ ಇಲ್ಲ.

"ನೀನೇನು ಮಾಡ್ತೀಯೋ?" ಎಂದೆ.

"ಒಳಗೇ ಎಳೆದು ಮುಚ್ತೀನಿ ಮಿಸ್."

"ಯಾಕೆ?"

ಓಜೋನ್ ಎನ್ನುತ್ತಾನೆ, ಮಕ್ಕಳ ಭವಿಷ್ಯ ಎನ್ನುತ್ತಾನೆ ಎಂದು ಕಾದೆ. ಅವನು ತಲೆ ಕೆರೆದುಕೊಂಡು, "ಮೇಸ್ತ್ರಿ ಹಂಗೇ ಕಲಿಸಿದ್ದು. ಗ್ಯಾಸ್ ಬಿಟ್ರೆ ತಲೆ ಮೇಲೆ ಮೊಟಕೋರು" ಎಂದ. ಆ ಮೇಸ್ತ್ರಿಗಾದರೂ ಓಜೋನಿನ ಚಿಂತೆ ಇತ್ತೆ? ಇಲ್ಲ. ಗ್ಯಾಸಿಗೆ ದುಡ್ಡು ಕೊಡಬೇಕಲ್ಲ ಎಂಬ ಜಿಪುಣತನ. ಆ ಜಿಪುಣತನ ಶಿಷ್ಯನ ಕೈಗೆ ಬಂದು ಅಭ್ಯಾಸವಾಯಿತು. ಅದರಿಂದ ಲೋಕಕ್ಕೂ ಒಳ್ಳೆಯದೆಂಬ ಕಾರಣ ಅವನಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಒಂದು ತರಬೇತಿಯಲ್ಲಿ. ಶಾಲೆಯಲ್ಲಿ ನಾವು ಮೊದಲು ಕಾರಣ ಹೇಳುತ್ತೇವೆ, ಅಭ್ಯಾಸ ತಾನಾಗಿ ಬರಲಿ ಎಂದು ಬಿಡುತ್ತೇವೆ. ಅನೇಕರಿಗೆ ಅದು ಬರುವುದೇ ಇಲ್ಲ. ಮೊಟಕುವುದು ಒಳ್ಳೆಯದೆಂದು ಇದರ ಅರ್ಥವಲ್ಲ. ಆದರೆ ಕಾರಣವನ್ನು ಒಪ್ಪಿಸಿದ ಮಗುವಿಗೆ ಅಂಕ ಕೊಟ್ಟು, ಕೈಯನ್ನು ಯಾರೂ ನೋಡದೆ ಕಳಿಸುತ್ತೇವಲ್ಲ, ಅದು ನನ್ನನ್ನು ಕೊರೆಯುತ್ತದೆ.

ಅವನು ನೋಡಿಕೊಳ್ಳುವ ಆಸ್ಪತ್ರೆಯ ವಿಷಯ ಒಂದು ಮಾತು. ಆಪರೇಷನ್ ಕೋಣೆಯಲ್ಲಿ ಸೋಸಿದ ಗಾಳಿಯನ್ನು ಹೆಚ್ಚು ಒತ್ತಡದಲ್ಲಿ ತುಂಬುತ್ತಾರೆ. ಬಾಗಿಲು ತೆರೆದರೂ ಗಾಳಿ ಒಳಗಿನಿಂದ ಹೊರಕ್ಕೇ ಹರಿಯಬೇಕು, ನಮ್ಮ ಕೊಳೆ ಒಳಗೆ ಹೋಗಬಾರದು. ಗಾಳಿಯಿಂದ ಹರಡುವ ಸೋಂಕಿನವರ ಕೋಣೆಯಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಒತ್ತಡ ಕಡಿಮೆ ಇಟ್ಟು, ಒಳಗಿನದು ಹೊರಗೆ ಬಾರದಂತೆ ನೋಡುತ್ತಾರೆ. ಒಂದೇ ಫ್ಯಾನು, ಒಂದೇ ಬಗೆಯ ತಗಡಿನ ಕೊಳವೆ. ಯಾರಿಂದ ಯಾರನ್ನು ಕಾಪಾಡಬೇಕೆಂಬುದನ್ನು ತಿಳಿದು ತಿರುಗಿಸಬೇಕು. ಪ್ರತಿದಿನ ಒತ್ತಡದ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಮೀಟರು ನೋಡದೆ ನಿನ್ನೆಯ ಅಂಕಿಯನ್ನೇ ಬರೆದು ಸಹಿ ಹಾಕಿದರೂ ಯಾರಿಗೂ ತಿಳಿಯುವುದಿಲ್ಲ ಎಂದು ಅವನೇ ಹೇಳಿದ. ತನ್ನ ಹುಡುಗರಿಗೆ ಅವನು ಮೊದಲು ಕಲಿಸುವುದು ಅದನ್ನೇ ಅಂತೆ: ಮೊದಲು ಮೀಟರಿನ ಮುಂದೆ ನಿಲ್ಲು, ಆಮೇಲೆ ಪೆನ್ನಿನ ಮುಚ್ಚಳ ತೆಗಿ.

ಈಗ ನಮ್ಮ ಮನೆಯಲ್ಲೂ ಈ ಪ್ರಶ್ನೆ ಬಂದಿದೆ. ಅತ್ತೆಯವರಿಗೆ ವಯಸ್ಸಾಗಿದೆ, ಹೋದ ಬೇಸಿಗೆ ತುಂಬ ಸಂಕಟಪಟ್ಟರು. ಅವರ ಕೋಣೆಗೆ ಏ.ಸಿ. ಹಾಕಿಸೋಣ ಎಂದು ನನ್ನ ಮಗ ಹೊರಟಿದ್ದಾನೆ. ಹತ್ತಿರದ ಜಾಗವೆಂದರೆ ಮುಂದಿನ ಗೋಡೆ. ಆ ಗೋಡೆಯ ನೆರಳಿನಲ್ಲಿ ಮಧ್ಯಾಹ್ನದ ಹೊತ್ತು ಹೂವಿನವಳು ಕೂತು ಮಾಲೆ ಕಟ್ಟುತ್ತಾಳೆ. ನನ್ನ ಶಿಷ್ಯ ಬಂದು ಟೇಪು ಹಿಡಿದು ಅಳೆದ. ಗೋಡೆಗಾದರೆ ಮೂರು ಮೀಟರು ಪೈಪು ಸಾಕು, ಟೆರೇಸಿಗಾದರೆ ಹತ್ತು ಬೇಕು ಎಂದ. ವೆಂಟಿಲೇಟರುಗಳನ್ನು ಮಾತ್ರ ಮುಚ್ಚಲೇಬೇಕು ಎಂದಾಗ ಅತ್ತೆಯವರು ಮಂಚದಿಂದಲೇ, "ಗುಬ್ಬಚ್ಚಿ ಬರೋದಂತೂ ನಿಂತೇಹೋಯ್ತು, ಮುಚ್ಚಿ ಬಿಡಪ್ಪಾ" ಎಂದರು. ಮಗ ಎರಡೂ ಲೆಕ್ಕವನ್ನು ಒಂದು ಚೀಟಿಯ ಮೇಲೆ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಂಡ. ಹತ್ತು ಮೀಟರಿನ ಲೆಕ್ಕದ ಕೆಳಗೆ ನಾನು ಒಂದು ಗೆರೆ ಎಳೆದಿದ್ದೇನೆ.